ಮೇಸ್ತ್ರಿ ಹೇಳಿದ ‘ನಾಳೆ ನಾಡಿದ್ದರಲ್ಲಿ’

ಪುಟ್ಟಾ, ನಿನ್ನೆ ರಾತ್ರಿ ನೀನು ಗ್ರೂಪಲ್ಲಿ ಹಾಕಿದ್ದು ಬೆಳಿಗ್ಗೆ ನೋಡ್ದೆ. ಇದನ್ನ ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಆಫೀಸಲ್ಲಿದ್ರೆ ಸಂಜೆ ಕೇಳು. ಹಳೇ ಮನೆ ಹೆಂಚು ತೆಗೆದು ಹೊದಿಸೋಕೆ ಮೇಸ್ತ್ರಿ "ನಾಳೆ ನಾಡಿದ್ದರಲ್ಲಿ ಬರ್ತೀನಿ" ಅಂದಿದ್ದ, ನೀನು ಬೆಂಗಳೂರಿಂದ ರಜ ಹಾಕಿ ಸಕಲೇಶಪುರಕ್ಕೆ ಬಂದು ಕಾದೆ, ಅವನು ಬರಲಿಲ್ಲ. ನಿನಗೆ ಬೇಜಾರಾಗಿದ್ದು ನ್ಯಾಯವೇ. ಆದ್ರೆ "ನಮ್ಮ ಕಡೆಯವರಿಗೆ ಟೈಮಿನ ಬೆಲೆ ಗೊತ್ತಿಲ್ಲ, ಭಾಷೇಲೇ ಅದಕ್ಕೆ ಸರಿಯಾದ ಮಾತಿಲ್ಲ" ಅಂತ ಬರೆದ್ಯಲ್ಲ, ಅದನ್ನ ನಾನು ಒಪ್ಪಲ್ಲ ಕಣಪ್ಪ. ಚಿಕ್ಕಪ್ಪನೂ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದು ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಮೊದಲು ಆ ಮಾತನ್ನೇ ತಗೋ. ನಾಳೆ ಅಂದ್ರೆ ಒಂದು ದಿನ, ನಾಡಿದ್ದು ಅಂದ್ರೆ ಒಂದು ದಿನ, ಅದರಾಚೆದು ಆಚೆ ನಾಡಿದ್ದು. ಬೇರೆಬೇರೆಯಾಗಿ ಹೇಳಿದ್ರೆ ಎಲ್ಲ ಖಚಿತ. ಎರಡನ್ನ ಸೇರಿಸಿ "ನಾಳೆ ನಾಡಿದ್ದರಲ್ಲಿ" ಅಂದ ಕೂಡಲೇ ಅದು ದಿನವಾಗಿ ಉಳಿಯಲ್ಲ. ಮನಸ್ಸಿದೆ, ಬರೋದು ಹೌದು, ಆದ್ರೆ ಕೈಲಿರೋ ಕೆಲಸ ಯಾವತ್ತು ಮುಗಿಯುತ್ತೋ ಹೇಳೋಕೆ ಆಗಲ್ಲ, ಅಷ್ಟೇ ಅದರ ಅರ್ಥ. ಮೊನ್ನೆ ಅಂದ್ರೂ ಅಷ್ಟೇ. ನಿನ್ನೆಯ ಹಿಂದಿನ ದಿನ ಮೊನ್ನೆ. "ಮೊನ್ನೆ ಮೊನ್ನೆ ಮದುವೆ ಆದ ಹಾಗಿದೆ" ಅಂದ್ರೆ ಹತ್ತು ವರ್ಷವೂ ಆಗಿರಬಹುದು. ಇಲ್ಲೇ ಇರೋರು ಇದನ್ನ ಕೇಳಿದ ತಕ್ಷಣ ಮರುಪ್ರಶ್ನೆ ಹಾಕ್ತಾರೆ: "ಯಾವ ವಾರ ಬರ್ತೀಯ? ವಾರದ ಕೂಲಿ ಬಟವಾಡೆ ಆದ ಮೇಲೋ, ಮುಂಚೆಯೋ?" ಆಗ ಅವನು ದಿನ ಹೇಳಲೇಬೇಕು. ನೀನು ಆ ಮರುಪ್ರಶ್ನೆ ಕೇಳದೆ ರಜ ಹಾಕಿದೆ.

ಇನ್ನು ನಿಖರತೆ ಇಲ್ಲ ಅಂದ್ಯಲ್ಲ. ಗಳಿಗೆ ಅಂದ್ರೆ 24 ನಿಮಿಷ, ದಿನಕ್ಕೆ 60 ಗಳಿಗೆ. ಎರಡು ಗಳಿಗೆ ಸೇರಿದ್ರೆ ಒಂದು ಮುಹೂರ್ತ, 48 ನಿಮಿಷ. ಜಾವ ಅಂದ್ರೆ 3 ಗಂಟೆ. ಗೋಡೆ ಗಡಿಯಾರ ಬರೋಕೆ ಮುಂಚೆ ತಳದಲ್ಲಿ ಸಣ್ಣ ತೂತಿರೋ ಬಟ್ಟಲನ್ನ ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದಾಗ ಒಂದು ಗಳಿಗೆ ಅಂತ ಲೆಕ್ಕ ಹಾಕ್ತಿದ್ರು. ಅದನ್ನೇ ಗಳಿಗೆ ಬಟ್ಟಲು ಅನ್ನೋದು. ಲೆಕ್ಕ ಬೇಕಾದ ಕಡೆ ಲೆಕ್ಕ ಇತ್ತು. ಗದ್ದೆ ತೋಟದಲ್ಲಿ ಬೇರೆ ಥರದ ಅಳತೆ ಬೇಕಿತ್ತು, ಅದಕ್ಕೆ ಹೊತ್ತು ಅನ್ನೋ ಮಾತಿದೆ.

ಹೊತ್ತು ಅನ್ನೋದನ್ನ ಕೇಳಿಸ್ಕೊ. ಹೊತ್ತು ಹುಟ್ಟೋದು, ಹೊತ್ತು ಮುಳುಗೋದು ಅಂದ್ರೆ ಅಲ್ಲಿ ಹೊತ್ತು ಅಂದ್ರೆ ಸೂರ್ಯನೇ. ಬೆಳಿಗ್ಗೆಗೆ ನಮ್ಮಜ್ಜಿ ಹೊತ್ತಾರೆ ಅಂತಲೇ ಅನ್ನೋರು. ಎರಡು ಹೊತ್ತಿನ ಊಟ ಅಂದ್ರೆ ಹೊತ್ತು ಊಟದ ಸಲಕ್ಕೆ ಬಂತು. "ಹೊತ್ತು ಹೋಗ್ತಿಲ್ಲ" ಅಂತ ಕಾಯಿಲೆ ಮಲಗಿದವರು ಅಂತಾರೆ. ಹೊತ್ತಿಗಾದ ನೆಂಟ ಅಂದ್ರೆ ಕಷ್ಟಕ್ಕೆ ಒದಗಿದವನು. ನೆಂಟರ ಮನೇಲಿ ಎದ್ದು ನಿಂತು "ಹೊತ್ತಾಯ್ತು, ಬರ್ತೀವಿ" ಅಂದ್ರೆ ಯಾರನ್ನೂ ದೂರಿದ ಹಾಗಲ್ಲ, ದಾರಿ ಕತ್ತಲಾಗುತ್ತೆ ಅಷ್ಟೇ. ಇಷ್ಟೆಲ್ಲ ಒಂದು ಪುಟ್ಟ ಮಾತಲ್ಲಿದೆ. ಇದನ್ನ ಬಿಟ್ಟು ಎಲ್ಲಾದಕ್ಕೂ ಟೈಮು ಟೈಮು ಅಂದ್ರೆ ನನಗೆ ಸಂಕಟ ಆಗುತ್ತೆ, ನಿಜವಾಗ್ಲೂ.

ತಡ ಅನ್ನೋದೂ ಹಾಗೇ. "ತಡ ಆಯ್ತು" ಅಂದ್ರೆ ಒಂದು, "ತಡ ಮಾಡ್ದ" ಅಂದ್ರೆ ಇನ್ನೊಂದು. ಶಿರಾಡಿ ಘಾಟಲ್ಲಿ ಮಳೆಗೆ ಮಣ್ಣು ಜರಿದು ಬಸ್ಸು ನಿಂತ್ರೆ ತಡ ಆಯ್ತು. ಡ್ರೈವರ್ ಹೋಟ್ಲಲ್ಲಿ ಕೂತಿದ್ರೆ ತಡ ಮಾಡ್ದ. ತಪ್ಪು ಯಾರದ್ದು ಅನ್ನೋದನ್ನ ಆ ಒಂದು ಕ್ರಿಯಾಪದ ಹೇಳಿಬಿಡುತ್ತೆ, ಬೇರೆ ವಿವರಣೆ ಬೇಕಾಗಲ್ಲ. "ತಡಿ" ಅಂದ್ರೆ ನಿಲ್ಲು, ತಡೆ ಅಂದ್ರೆ ಅಡ್ಡಿ, ನೋವು ತಡ್ಕೊಳ್ಳೋದು ಅಂದ್ರೆ ಸಹಿಸೋದು. ಕಾಯೋದು, ನಿಲ್ಲೋದು, ಸಹಿಸೋದು ಮೂರೂ ಅಕ್ಕಪಕ್ಕದಲ್ಲೇ ಇವೆ ನೋಡು. ನೀನು ಮೇಸ್ತ್ರಿಗೆ ಫೋನಲ್ಲಿ "ಯಾಕೆ ತಡ ಮಾಡಿದ್ರಿ" ಅಂತ ಕೇಳಿದ್ಯಂತೆ. ಅದು ಆಪಾದನೆ ಆಯ್ತು. "ಯಾಕೆ ತಡ ಆಯ್ತು" ಅಂದಿದ್ರೆ ಅವನು ಕಾರಣ ಹೇಳ್ತಿದ್ದ.

ಅಣ್ಣನ ಮಗಳು ಸಾವಕಾಶ ಅಂದ್ರೇನು ಅಂತ ಕೇಳಿದಾಳೆ. ಅವಕಾಶ ಇಟ್ಕೊಂಡು ಮಾಡೋದು ಸಾವಕಾಶ ಕಣಮ್ಮ. "ಸಾವಕಾಶವಾಗಿ ಊಟ ಮಾಡಿ" ಅಂತ ಬಡಿಸೋರು ಅಂದ್ರೆ ಅದು ಮರ್ಯಾದೆ. ನಿಧಾನ ಅಂದ್ರೂ ಬೈಗುಳ ಅಲ್ಲ, "ನಿಧಾನಸ್ಥ" ಅಂತ ಗಂಡು ನೋಡೋಕೆ ಹೋದಾಗ ಹೊಗಳೋದೇ. ವಿಳಂಬ ಮಾತ್ರ ಕಾಗದಪತ್ರದ ಮಾತು. ಸಂಗೀತದಲ್ಲಿ ಆದ್ರೆ ಅದೂ ಒಂದು ಗತಿ, ವಿಳಂಬ ಕಾಲ. 2018ರ ಯುಗಾದಿಗೆ ಬಂದ ಸಂವತ್ಸರದ ಹೆಸರೂ ವಿಳಂಬಿ. ಕೋರ್ಟಲ್ಲಿ ವಾಯಿದೆ, ಬ್ಯಾಂಕಲ್ಲಿ ಗಡುವು. ಸರ್ಕಾರ 2011ರಲ್ಲಿ ಕಾಯ್ದೆ ಮಾಡಿ ಅದಕ್ಕೆ ಸಕಾಲ ಅಂತಲೇ ಹೆಸರಿಟ್ಟಿತು. ಸರ್ಕಾರಿ ಕಚೇರೀಲಿ ಹೇಳಿದ ದಿನದೊಳಗೆ ಕೆಲಸ ಆಗದಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ ಕೇಳಬಹುದು. ಅರ್ಜಿ ಕೊಟ್ಟಾಗ ರಸೀದಿ ಇಸ್ಕೊಳ್ಳೋದು ಮರೀಬೇಡಿ, ಇದು ಎಲ್ಲರಿಗೂ.

ಆದ್ರೆ ನನ್ನ ಮಟ್ಟಿಗೆ ಎಲ್ಲಾದಕ್ಕಿಂತ ದೊಡ್ಡ ಮಾತು ಹದ. ಪುಟ್ಟಾ, ಕಾಫಿ ತೋಟ ನೀನು ನೋಡಿದ್ದು ರಜೇಲಿ, ಹಣ್ಣಿದ್ದಾಗ. ಹೂಮಳೆ ಹೊತ್ತಲ್ಲಿ ಇಲ್ಲಿದ್ದು ನೋಡಬೇಕು. ಫೆಬ್ರವರಿ ಕೊನೆಗೆ ರೊಬಸ್ಟಾ ಗಿಡದ ಗೆಣ್ಣುಗೆಣ್ಣಲ್ಲೂ ಮೊಗ್ಗು ಕಟ್ಟಿ, ಕಡ್ಡಿ ಥರ ಬಿರುಸಾಗಿ, ನೀರಿಗೆ ಕಾದು ನಿಂತಿರುತ್ತೆ. ಒಂದು ಇಂಚಿಗೆ ಕಮ್ಮಿ ಇಲ್ಲದ ಮಳೆ ಬಿದ್ರೆ ಏಳೆಂಟು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ, ಮನೆ ಒಳಗೆಲ್ಲ ಮಲ್ಲಿಗೆಯಂಥ ಘಮ. ಅರೇಬಿಕಾಕ್ಕೆ ಇನ್ನೊಂದೆರಡು ದಿನ ಹೆಚ್ಚು ಬೇಕು. ಅರ್ಧಂಬರ್ಧ ಹನಿದ್ರೆ ಮೊಗ್ಗು ನಡುವೆಯೇ ಸುಟ್ಟುಹೋಗುತ್ತೆ. ಸರಿಯಾಗೇ ಬಿದ್ದು, ಹೂ ಅರಳಿದ ದಿನವೇ ಮತ್ತೆ ಮಳೆ ಹೊಡೆದ್ರೆ ಪರಾಗ ತೊಳೆದುಹೋಗಿ ಕಾಯಿ ಕಚ್ಚಲ್ಲ. ಹೂವಾಗಿ ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ಮಳೆ ಬರಬೇಕು, ಬರದಿದ್ರೆ ಎಳೆಗಾಯಿ ಉದುರುತ್ತೆ. ಅದೇ ಮಳೆ, ಅದೇ ನೀರು. ನಾಲ್ಕು ದಿನ ಹಿಂದೆ ಮುಂದೆ ಆದ್ರೆ ಒಂದು ವರ್ಷದ ಬದುಕು ಹೋಯ್ತು. ಮೋಟಾರು, ಸ್ಪ್ರಿಂಕ್ಲರ್ ಇದ್ದವರು ಕೆರೆ ನೀರು ಹಾರಿಸಿ ಬಚಾವಾಗ್ತಾರೆ, ಇಲ್ಲದವರು ಮೋಡ ನೋಡ್ತಾ ಕೂರ್ತಾರೆ. ಹೀಗೆ ಬದುಕೋ ಜನಕ್ಕೆ ಟೈಮಿನ ಬೆಲೆ ಗೊತ್ತಿಲ್ಲ ಅನ್ನೋದು ಹೇಗಪ್ಪ?

ಗದ್ದೆಗೂ ಅಷ್ಟೇ. ಸಸಿಮಡಿಯಲ್ಲಿ ಸಸಿ ಬಲಿತುಹೋದ ಮೇಲೆ ನಾಟಿ ಹಾಕಿದ್ರೆ ತೆಂಡೆ, ಅಂದ್ರೆ ಬುಡದ ಮರಿ, ಒಡೆಯಲ್ಲ. ತಡ ಆದದ್ದನ್ನ ನಾಳೆ ಜಾಸ್ತಿ ದುಡಿದು ಸರಿ ಮಾಡಬಹುದು, ಹದ ತಪ್ಪಿದ್ದಕ್ಕೆ ಏನೂ ಮಾಡೋಕಾಗಲ್ಲ. ಅದಕ್ಕೇ ಹಳಬರು ತಿಂಗಳ ತಾರೀಖಿಗಿಂತ ಮಳೆ ನಕ್ಷತ್ರ ಹಿಡಿದು ಮಾತಾಡ್ತಾರೆ, ಒಂದೊಂದು 13-14 ದಿನ. "ಭರಣಿ ಮಳೆ ಬಂದ್ರೆ ಧರಣಿ ಎಲ್ಲ ಬೆಳೆ" ಅನ್ನೋದು ನೀನೂ ಕೇಳಿದೀಯ. ಸಾಲ ವಾಪಸ್ ಕೊಡೋರು "ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ" ಅಂದ್ರೆ ಅದೂ ಪಕ್ಕಾ ಗಡುವೇ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನದ ಆ ಗುಡಿ ಬಾಗಿಲು ತೆಗೀತಾರೆ, ವರ್ಷಕ್ಕೆ ಒಂದೇ ಸಲ. ಆ ದಿನ ಯಾರಿಗೂ ಗೊತ್ತಿಲ್ಲದ್ದಲ್ಲ.

ಹಾಗಂತ ಎಲ್ಲಾ ತಡಾನೂ ನಾನು ಸಮರ್ಥನೆ ಮಾಡ್ತಿಲ್ಲ. "ಬಂದೆ ಬಂದೆ" ಅಂತ ಫೋನಲ್ಲಿ ಹೇಳೋದು, ಇನ್ನೂ ಮನೆ ಬಿಟ್ಟಿರೋದೇ ಇಲ್ಲ. ಮನೆಯೊಳಗೆ ಅಮ್ಮ ಕರೆದಾಗ "ಇಗೋ ಬಂದೆ" ಅಂದ್ರೆ ಅದು ಬೇರೆ, ಎರಡು ಹೆಜ್ಜೆ ದೂರ. ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿ ಕಾಯ್ತಾ ಇರೋರಿಗೆ ಹಾಗೆ ಹೇಳೋದು ಅನ್ಯಾಯ. ಬಟವಾಡೆನೂ ಹಾಗೆ. ವಾರದ ಕೂಲಿ ಒಂದು ದಿನ ಮುಂದಕ್ಕೆ ಹೋದ್ರೆ ಅವರ ಸಂತೆ ತಪ್ಪುತ್ತೆ, ಮನೇಲಿ ಅಕ್ಕಿ ಇರಲ್ಲ. ತೋಟದವರು ಎಷ್ಟೋ ಜನ "ಸೋಮವಾರ ನೋಡೋಣ" ಅಂತ ಸಲೀಸಾಗಿ ಹೇಳ್ತಾರೆ. ಟೈಮಿನ ಬೆಲೆ ಬಗ್ಗೆ ಮಾತಾಡೋದಾದ್ರೆ ಅಲ್ಲಿಂದ ಶುರು ಮಾಡಬೇಕು, ಚಿಕ್ಕಪ್ಪ, ಇದು ನಮ್ಮ ಮನೆಗೂ ಸೇರಿಸಿ ಹೇಳ್ತಿದೀನಿ.

ಈಗ ಹೆಂಚಿನ ವಿಷಯ. ಕೃತ್ತಿಕೆ ನಕ್ಷತ್ರ ನಡೀತಿದೆ. ಊರಲ್ಲಿ ಎಲ್ಲರ ಮನೆ ಹೆಂಚಿನ ಮಾಡೂ ಮಳೆಗೆ ಮುಂಚೆ ಆಗಬೇಕು, ಇರೋದು ಇವನೊಬ್ಬನೇ ಮೇಸ್ತ್ರಿ. ಜೂನ್ 7ರ ಹೊತ್ತಿಗೆ ರೋಹಿಣಿ ಕಳೆದು ಮೃಗಶಿರ ಹುಟ್ಟುತ್ತೆ, ಆಮೇಲೆ ಮಾಡಿನ ಮೇಲೆ ಕಾಲಿಡೋಕೂ ಆಗಲ್ಲ. ಅವನಿಗೆ ತಾರೀಖು ಹೇಳಬೇಡ, "ರೋಹಿಣಿ ಕಳೆಯೋದ್ರೊಳಗೆ ಹೊದಿಸಿ ಇಳೀಬೇಕು" ಅನ್ನು. ಯಾವ ವಾರ ಬರ್ತಾನೆ ಅಂತ ಅಲ್ಲೇ ಕೇಳ್ಕೊ. ಇನ್ನೊಂದು, ಅಡುಗೆಮನೆ ಕಡೆ ಹೆಂಚು ಕೂರಿಸೋ ರೀಪಿಗೆ ಗೆದ್ದಲು ಹತ್ತಿದೆ, ಅದರಡಿಯ ಪಕಾಸೂ ಎರಡು ಬದಲಾಯಿಸಬೇಕು. ಮರ ಇಲ್ಲದೆ ಅವನು ಬಂದೂ ಏನು ಮಾಡ್ತಾನೆ? ಉದ್ದ ಎಷ್ಟು ಅಂತ ಅವನನ್ನೇ ಕೇಳಿ, ಮಿಲ್ಲಿಗೆ ಹೇಳಿ ಮುಂಚೆ ತರಿಸಿಹಾಕು. ದುಡ್ಡು ನಾನು ಕೊಟ್ಟಿರ್ತೀನಿ, ನೀನು ಬಂದಾಗ ಕೊಡುವಂತೆ.