ಅಮ್ಮನ ಕಣ್ಣಿನ ಪೊರೆ ಆಪರೇಷನ್: ಯಾವ ವಿಧಾನ, ಯಾವ ಲೆನ್ಸ್? ಮಾಡಿಸಿದವರು ಅನುಭವ ಹೇಳಿ

ತುಂಗಾತೀರ:
ಅಮ್ಮನಿಗೆ 71. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ. ಬಾಗಿಲಲ್ಲಿ ನಿಂತವರು ಮಾತಾಡಿದ ಮೇಲೆಯೇ ಯಾರು ಅಂತ ಗೊತ್ತಾಗುವುದು. ಶಿವಮೊಗ್ಗದಲ್ಲಿ ತೋರಿಸಿದೆವು. ಎಸ್‌ಐಸಿಎಸ್ (ಸಣ್ಣದಾಗಿ ಕೊಯ್ದು ಪೊರೆಯನ್ನು ಇಡಿಯಾಗಿ ತೆಗೆಯುವುದು) ಆದರೆ 14 ಸಾವಿರ, ಫೇಕೋ (ಅಲ್ಟ್ರಾಸೌಂಡಿನಿಂದ ಪುಡಿ ಮಾಡಿ ಹೀರಿ ತೆಗೆಯುವುದು) ಮಾಡಿ ಸಾದಾ ಮೊನೊಫೋಕಲ್ ಲೆನ್ಸ್ (ಒಂದೇ ದೂರಕ್ಕೆ) ಹಾಕಿದರೆ 32, ಮಲ್ಟಿಫೋಕಲ್ (ದೂರಕ್ಕೂ ಹತ್ತಿರಕ್ಕೂ) ಆದರೆ 85 ಅಂದರು. ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಅಡುಗೆ ಸೌದೆ ಒಲೆಯಲ್ಲೇ. ಯಾವುದು ಮಾಡಿಸಲಿ? ಮುಖ್ಯವಾಗಿ, ಆಮೇಲೆ ಎಷ್ಟು ದಿನ ಜೊತೆಗೆ ಯಾರಾದರೂ ಇರಬೇಕು? ನನಗೆ ರಜೆ ಸಿಗುವುದು ಒಂದೇ ವಾರ.

ಕೆಂಗೇರಿ ಪಿಂಚಣಿದಾರ:
ನನ್ನದು ಕೇಳಿ, ಆಮೇಲೆ ನಿರ್ಧಾರ ಮಾಡಿ. ವಯಸ್ಸು 66, ಎಡಗಣ್ಣು, ಫೇಕೋ, ಮಲ್ಟಿಫೋಕಲ್. ಪ್ಯಾಕೇಜ್ 78,000 ಅಂದಿದ್ದರು. ‘ಎಲ್ಲಾ ಸೇರಿ ಅಲ್ವಾ?’ ಅಂತ ಎರಡು ಸಲ ಕೇಳಿದ್ದೆ. ಎರಡು ಸಲವೂ ಆ ಹುಡುಗಿ ತಲೆಯಾಡಿಸಿದಳು. ಕೊನೆಗೆ ಸೇರಿದ್ದು ನೋಡಿ: ಬಯೋಮೆಟ್ರಿ (ಲೆನ್ಸ್ ಪವರಿನ ಅಳತೆ) 1,800, ಓಸಿಟಿ (ಕಣ್ಣಿನ ಹಿಂಪದರದ ಸ್ಕ್ಯಾನ್) 2,200, ರಕ್ತ ಪರೀಕ್ಷೆ ಮತ್ತು ಇಸಿಜಿ 1,450, ಡ್ರಾಪ್ಸ್ 1,130, ಕಪ್ಪು ಕನ್ನಡಕ 350. ಒಟ್ಟು 84,930. ಆ ಕನ್ನಡಕ ಮೆಜೆಸ್ಟಿಕ್ಕಿನಲ್ಲಿ ನೂರು ರೂಪಾಯಿಗೆ ಸಿಗುತ್ತದೆ.

ಪಾಲಿಸಿ 5 ಲಕ್ಷದ್ದು. ಆದರೆ ಪೊರೆಗೆ ಅಂತ ಒಂದು ಕಣ್ಣಿಗೆ 40,000 ಮಿತಿ ಇಟ್ಟಿದ್ದಾರೆ. ಅದು ಇಪ್ಪತ್ಮೂರನೇ ಪುಟದಲ್ಲಿ, ಪೊರೆ ಬಂದವರಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿತ್ತು. ಅದರಲ್ಲೂ 1,800 ಕತ್ತರಿಸಿ 38,200 ಕೊಟ್ಟರು. ನನ್ನ ಕೈಯಿಂದ ಹೋದದ್ದು 46,730. ಐದು ಮೇಲ್ ಕಳಿಸಿದೆ. ಐದಕ್ಕೂ ಅಕ್ಷರ ಬಿಡದೆ ಒಂದೇ ಉತ್ತರ.

ಫಲಿತಾಂಶ: ಪಂಚಾಂಗದ ತಿಥಿ ಕಾಲಂ ಕನ್ನಡಕ ಇಲ್ಲದೆ ಓದುತ್ತೇನೆ. ಆದರೆ ಸಂಜೆ ಏಳರ ಮೇಲೆ ಎದುರಿನ ಗಾಡಿಯ ಒಂದೊಂದು ಲೈಟಿಗೂ ಒಳಗೊಂದು ಹೊರಗೊಂದು ಬಳೆ ತೊಡಿಸಿದ ಹಾಗೆ ಕಾಣುತ್ತದೆ. ‘ಮೂರು ತಿಂಗಳಲ್ಲಿ ಮೆದುಳು ಹೊಂದಿಕೊಳ್ಳುತ್ತೆ ಸರ್’ ಅಂದರು. ಎಂಟು ತಿಂಗಳಾಯಿತು. ನೈಸ್ ರಸ್ತೆಯಲ್ಲಿ ರಾತ್ರಿ ಕಾರು ಓಡಿಸುವುದು ಬಿಟ್ಟೆ. ಹಾಗಂತ ಪಶ್ಚಾತ್ತಾಪ ಏನೂ ಇಲ್ಲ. ಮಲ್ಟಿಫೋಕಲ್ಲೇ ಹಾಕಿಸಿ.

ಬೆಣ್ಣೆದೋಸೆ ದಾವಣಗೆರೆ:
84,930! ಪಶ್ಚಾತ್ತಾಪ ಇಲ್ಲ ಅನ್ನುವವರು ಬಿಲ್ಲನ್ನು ಬಾಯಿಪಾಠ ಮಾಡಿರುವುದಿಲ್ಲ ಸರ್.

ನಮ್ಮಪ್ಪನಿಗೆ 2022ರಲ್ಲಿ ಟ್ರಸ್ಟ್ ಆಸ್ಪತ್ರೆಯ ಶಿಬಿರದಲ್ಲಿ ಎಸ್‌ಐಸಿಎಸ್ ಮಾಡಿಸಿದೆ. ಖರ್ಚು ಸೊನ್ನೆ. ಸುಳ್ಳು ಯಾಕೆ, ಬಸ್ ಚಾರ್ಜು ಮತ್ತು ಜೊತೆಗಿದ್ದ ನನ್ನ ಊಟ ಸೇರಿ 260. ಪೊರೆ ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಅಂಥದ್ದನ್ನು ಫೇಕೋದಲ್ಲಿ ಪುಡಿ ಮಾಡಬೇಕಾದರೆ ಅಲ್ಟ್ರಾಸೌಂಡ್ ಜಾಸ್ತಿ ಹೊತ್ತು ಬಿಡಬೇಕು, ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಏಟು ಬೀಳುತ್ತದೆ ಅಂತ ಅಲ್ಲಿನ ಡಾಕ್ಟರೇ ಹೇಳಿದರು. ಬಿಳಿಗುಡ್ಡೆಯಲ್ಲಿ ಆರು ಮಿಲಿಮೀಟರಿನ ಸುರಂಗ ಮಾಡಿ ಇಡೀ ಗಟ್ಟಿಯನ್ನೇ ಹೊರಗೆ ತೆಗೆದರು. ಹೊಲಿಗೆ ಇಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಅಪ್ಪ ಮೊದಲು ಹೇಳಿದ್ದು, ‘ನಿನ್ನ ಅಂಗಿ ಇಷ್ಟು ಕೊಳೆ ಐತೇನೋ?’

ಇನ್ನು ನಮ್ಮಜ್ಜಿಗೆ ಎಂ.ಸಿ. ಮೋದಿ ಡಾಕ್ಟರು ಶಾಲೆಯ ಕೋಣೆಯಲ್ಲಿ ಮಾಡಿದ್ದರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿ ಗಿನ್ನೆಸ್ ಪುಸ್ತಕ ಸೇರಿದವರು. ಆಗ ಒಳಗೆ ಲೆನ್ಸ್ ಹಾಕುತ್ತಿರಲಿಲ್ಲ. ಸೋಡಾ ಬಾಟಲಿ ತಳದಂಥ ಕನ್ನಡಕ ಕೊಡುತ್ತಿದ್ದರು. ಅದರಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರ ಇದ್ದ ಹಾಗೆ ಕಾಣುತ್ತಿತ್ತು. ಅಜ್ಜಿ ನೀರಿನ ಲೋಟಕ್ಕೆ ಕೈ ಚಾಚಿದರೆ ಕೈ ಈಚೆಗೇ ನಿಂತು ಗಾಳಿ ಹಿಡಿಯುತ್ತಿತ್ತು. ಅದರಲ್ಲೇ ಹದಿನೆಂಟು ವರ್ಷ ಅಕ್ಕಿ ಆರಿಸಿದಳು.

ಕೆಂಗೇರಿ ಪಿಂಚಣಿದಾರ:
ಬಿಲ್ ಬಾಯಿಪಾಠ ಇರುವುದು ಬ್ಯಾಂಕಿನಲ್ಲಿ 34 ವರ್ಷ ದುಡಿದದ್ದಕ್ಕೆ. ಶಿಬಿರದ ಲೆನ್ಸ್ ಯಾವ ಕಂಪನಿದು ಅಂತ ನಿಮಗೆ ಗೊತ್ತಾ? ಸ್ಟಿಕ್ಕರ್ ಕೊಟ್ಟರಾ?

ಬೆಣ್ಣೆದೋಸೆ ದಾವಣಗೆರೆ:
ಕೊಟ್ಟಿದ್ದಾರೆ, ಅರೋಲ್ಯಾಬ್ ಅಂತಿದೆ. ಮದುರೈನ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಶುರು ಮಾಡಿದ್ದು. ಹೊರದೇಶದ ಲೆನ್ಸ್ ಬಡವರ ಕೈಗೆ ಎಟುಕುವುದಿಲ್ಲ ಅಂತಲೇ ಇಲ್ಲಿ ಮಾಡಲು ಹೊರಟವರು. ಈಗ ಹೊರದೇಶಗಳಿಗೇ ಕಳಿಸುತ್ತಾರೆ. ಸಾಕಾ ಸರ್?

ಕುಡ್ಲದಕ್ಕ:
ನೀವಿಬ್ಬರೂ ಲೆನ್ಸ್ ಬಗ್ಗೆ ಜಗಳ ಮಾಡಿ. ನಮ್ಮ ಮನೆಯಲ್ಲಿ ತೊಂದರೆ ಆದದ್ದು ಒಂದು ಪ್ರಾಸ್ಟೇಟ್ ಮಾತ್ರೆಯಿಂದ.

ನಮ್ಮ ಯಜಮಾನರು ಮೂರು ವರ್ಷದಿಂದ ಟಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರು. ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ ಅಂತ ಕೊಟ್ಟದ್ದು. ಕಣ್ಣಿನ ಆಸ್ಪತ್ರೆಯಲ್ಲಿ ‘ಯಾವ ಮಾತ್ರೆ ತಗೋತೀರಿ?’ ಅಂತ ಕೇಳಿದ ನರ್ಸ್ ಚಿಕ್ಕ ಹುಡುಗಿ. ಇವರಿಗೆ ನಾಚಿಕೆ. ಬಿಪಿ ಮಾತ್ರೆ ಹೇಳಿದರು, ಇದನ್ನು ನುಂಗಿಕೊಂಡರು. ಟೇಬಲ್ ಮೇಲೆ ಮಲಗಿಸಿದ ಮೇಲೆ, ಡ್ರಾಪ್ಸ್ ಹಾಕಿ ಅಗಲ ಮಾಡಿದ್ದ ಪಾಪೆ ನಡುವಲ್ಲೇ ಕುಗ್ಗಿತಂತೆ. ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಒದ್ದೆ ಬಟ್ಟೆಯ ಹಾಗೆ ಅಲ್ಲಾಡಿತಂತೆ. ಆ ಮಾತ್ರೆ ತಿನ್ನುವವರಿಗೆ ಹೀಗಾಗುವುದು ಗೊತ್ತಿರುವ ವಿಷಯವೇ. ಮೊದಲೇ ಹೇಳಿದ್ದರೆ ಪಾಪೆಯನ್ನು ಅಗಲವಾಗಿ ಹಿಡಿಯುವ ಕೊಕ್ಕೆಯೋ ರಿಂಗೋ ತಯಾರು ಇಟ್ಟುಕೊಳ್ಳುತ್ತಿದ್ದರು. ಹದಿನೈದು ನಿಮಿಷದ ಕೆಲಸ ಐವತ್ತು ನಿಮಿಷ ಆಯಿತು. ನಾನು ಹೊರಗೆ ಕೂತು ಮೂರು ಸಲ ವಿಷ್ಣು ಸಹಸ್ರನಾಮ ಮುಗಿಸಿದೆ.

ಆಮೇಲಿನದು ಕೇಳಿ. ಕಾರ್ನಿಯಾ ಊದಿ ಹನ್ನೆರಡು ದಿನ ಮಂಜು ಮಂಜು. ಕಣ್ಣಿನ ಒತ್ತಡ 34ಕ್ಕೆ ಏರಿತು. ಅದಕ್ಕೆ ಬೇರೆ ಮಾತ್ರೆ. ಅದರಿಂದ ಬೆರಳ ತುದಿಯಲ್ಲಿ ಜುಮುಜುಮು. ಊತ ಇಳಿಯಲು ಉಪ್ಪಿನ ಡ್ರಾಪ್ಸ್ ಬೇರೆ, ಹಾಕಿದಾಗಲೆಲ್ಲ ಉರಿ. ಸ್ಟೀರಾಯ್ಡ್ ಡ್ರಾಪ್ಸ್ ಮೊದಲ ವಾರ ಆರು ಸಲ, ಆಮೇಲೆ ವಾರಕ್ಕೊಂದು ಕಡಿಮೆ, ಕೊನೆಗೆ ಒಂದು ಸಲ. ಆ್ಯಂಟಿಬಯೋಟಿಕ್ ನಾಲ್ಕು ಸಲ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಹಳೇ ಕ್ಯಾಲೆಂಡರ್ ಹಿಂದೆ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಹಾಲಿನ ಹಾಗೆ ಬೆಳ್ಳಗಿರುವ ಬಾಟಲಿಯನ್ನು ಅಲ್ಲಾಡಿಸಿ ಹಾಕಬೇಕು. ಇಲ್ಲದಿದ್ದರೆ ಔಷಧಿ ತಳದಲ್ಲೇ ಕೂತಿರುತ್ತದೆ. ಇದು ಗೊತ್ತಾದದ್ದು ಒಂಬತ್ತನೇ ದಿನ. ಅಷ್ಟು ದಿನ ಬರೀ ಮೇಲಿನ ನೀರು ಹಾಕಿದ್ದೆನೋ ಏನೋ. ನನ್ನ ಮೈದುನ ಈಗಲೂ ‘ಅತ್ತಿಗೆ ಸರಿಯಾಗಿ ಹಾಕಲಿಲ್ಲ’ ಅನ್ನುತ್ತಾನೆ. ಒಂದು ದಿನ ಬಂದು ಹಾಕಿದವನಲ್ಲ.

ಈಗ ಚೆನ್ನಾಗಿ ಕಾಣುತ್ತದೆ, ಅದು ಬೇರೆ ಮಾತು. ಪಥ್ಯ ಮಾತ್ರ ಬಿಡಬೇಡಿ. ನಾಲ್ಕು ವಾರ ಬದನೆ ಇಲ್ಲ, ಒಣಮೀನು ಇಲ್ಲ. ನಂಜು.

ಬೆಣ್ಣೆದೋಸೆ ದಾವಣಗೆರೆ:
ಅಕ್ಕಾ, ನಮ್ಮಪ್ಪ ಮೂರನೇ ದಿನಕ್ಕೇ ಎಣ್ಣೆಗಾಯಿ ಹೊಡೆದರು. ಬದನೆಗೂ ಕಣ್ಣಿಗೂ ಏನು ಸಂಬಂಧ?

ಕುಡ್ಲದಕ್ಕ:
ನಿಮ್ಮ ಅಪ್ಪನಿಗೆ ಪುಣ್ಯ ಇತ್ತು. ಎಲ್ಲರಿಗೂ ಇರುವುದಿಲ್ಲ.

ಚಾಮುಂಡಿ ತಪ್ಪಲು:
ಇನ್ನೂ ಬ್ಲೇಡ್ ಕಾಲದಲ್ಲೇ ಇದ್ದೀರಲ್ಲ ಎಲ್ಲರೂ! ನಾನು ಫೆಮ್ಟೋ ಲೇಸರ್ ಮಾಡಿಸಿದೆ, ಒಂದು ಕಣ್ಣಿಗೆ 1,30,000. ಬ್ಲೇಡ್ ಇಲ್ಲ, ಕೈ ನಡುಗುವ ಭಯ ಇಲ್ಲ, ಎಲ್ಲಾ ಕಂಪ್ಯೂಟರ್. ಮರುದಿನ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋದೆ. ಕಣ್ಣಿನ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ಆರು ತಿಂಗಳ ಮೇಲೆ ಸ್ವಲ್ಪ ಮಂಜು ಬಂತು. ಪೊರೆ ವಾಪಸ್ ಬೆಳೆದಿದೆ ಅಂತ ಯಾಗ್ ಲೇಸರ್ ಮಾಡಿದರು, 4,500. ಅಷ್ಟೇ.

ಅಳತೆ ಕೋಣೆ, ಹುಬ್ಬಳ್ಳಿ:
ಹನ್ನೊಂದು ವರ್ಷದಿಂದ ಲೆನ್ಸ್ ಪವರ್ ಅಳೆಯುವ ಮಷಿನ್ ಮುಂದೆ ಕೂತಿದ್ದೇನೆ. ಸುಮ್ನೆ ಓದಿಕೊಂಡು ಹೋಗೋಣ ಅಂದಿದ್ದೆ, ಇದು ಓದಿದ ಮೇಲೆ ಆಗಲಿಲ್ಲ.

ಪೊರೆ ವಾಪಸ್ ಬೆಳೆಯುವುದಿಲ್ಲ ಸರ್. ಅದು ತೆಗೆದಾಯಿತಲ್ರೀ! ಲೆನ್ಸ್ ಕೂರಿಸಲು ಉಳಿಸಿಕೊಂಡ ಚೀಲದ ಹಿಂದಿನ ಪದರ ಕೆಲವರಿಗೆ ಮಸುಕಾಗುತ್ತದೆ. ಯಾಗ್ ಲೇಸರಿನಿಂದ ಅದರಲ್ಲಿ ಒಂದು ಕಿಟಕಿ ಕೊರೆಯುತ್ತಾರೆ. ಎರಡನೆಯದು, ಫೆಮ್ಟೋ ಲೇಸರ್ ಕೊಯ್ತ ಹಾಕುತ್ತದೆ, ಚೀಲದ ಮುಂಭಾಗ ದುಂಡಗೆ ಕತ್ತರಿಸುತ್ತದೆ, ಪೊರೆ ಸೀಳುತ್ತದೆ. ಒಳಗಿಂದ ಹೀರಿ ತೆಗೆಯುವುದು ಅದೇ ಫೇಕೋ ಪ್ರೋಬು, ಅದೇ ಡಾಕ್ಟರ ಕೈ. ಫ್ರಾನ್ಸ್‌ನಲ್ಲಿ ಫೆಮ್‌ಕ್ಯಾಟ್ ಅಂತ ದೊಡ್ಡ ಹೋಲಿಕೆ ಮಾಡಿ 2020ರಲ್ಲಿ ಪ್ರಕಟಿಸಿದರು. ಸಾದಾ ಫೇಕೋಗಿಂತ ರೋಗಿಗೆ ಹೆಚ್ಚಿನ ಲಾಭ ಕಾಣಲಿಲ್ಲ, ಖರ್ಚು ಮಾತ್ರ ಜಾಸ್ತಿ.

ಲೆನ್ಸಿನ ಬ್ರ್ಯಾಂಡಿಗಿಂತ ದೊಡ್ಡದು ಅಳತೆ. ಕಣ್ಣಿನ ಉದ್ದ ಒಂದು ಮಿಲಿಮೀಟರ್ ತಪ್ಪಿದರೆ ಎರಡೂವರೆಯಿಂದ ಮೂರು ಪವರ್ ಹೆಚ್ಚುಕಮ್ಮಿ ಆಗುತ್ತದೆ. ಪೂರ್ತಿ ಬಲಿತ ಪೊರೆಯಲ್ಲಿ ಬೆಳಕಿನ ಮಷಿನ್ ಅಳತೆ ಕೊಡುವುದಿಲ್ಲ, ಬೆಳಕೇ ಒಳಗೆ ಹೋಗುವುದಿಲ್ಲ. ಕಣ್ಣಿನ ಮೇಲೆ ಪ್ರೋಬು ಇಟ್ಟು ಅಲ್ಟ್ರಾಸೌಂಡಿನಿಂದ ಅಳೆಯುವ ಎ-ಸ್ಕ್ಯಾನ್ ಮಾಡಬೇಕು. ಅದನ್ನು ಗಟ್ಟಿ ಒತ್ತಿ ಹಿಡಿದರೆ ಕಣ್ಣು ಗಿಡ್ಡ ಆಗಿ ಲೆಕ್ಕ ತಪ್ಪುತ್ತದೆ. ನನ್ನ ಕೈಯಲ್ಲೂ ಶುರುವಿನ ವರ್ಷ ಒಂದು ಹಾಗಾಗಿದೆ. ನವಲಗುಂದ ಕಡೆಯ ಮೇಷ್ಟ್ರು. ದೂರಕ್ಕೆ ಕನ್ನಡಕ ಬೇಡ ಅಂದುಕೊಂಡವರಿಗೆ ಮೈನಸ್ ಎರಡು ಬಂತು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶುಗರ್ ಇದ್ದವರು ರೆಟಿನಾ (ಕಣ್ಣಿನ ಹಿಂಪದರ) ನೋಡಿಸದೆ ಮಲ್ಟಿಫೋಕಲ್‌ಗೆ ಹೂಂ ಅನ್ನಬೇಡಿ. ಪೊರೆ ಅಡ್ಡ ಇದ್ದು ಹಿಂದೆ ಕಾಣದಿದ್ದರೆ ಅಲ್ಟ್ರಾಸೌಂಡಿನಿಂದ ನೋಡುವ ಬಿ-ಸ್ಕ್ಯಾನ್ ಇದೆ. ಆಪರೇಷನ್ ಆದ ಮೇಲೆ ನೋವು ಜಾಸ್ತಿ ಆಗಿ, ಕೆಂಪಾಗಿ, ಕಾಣುತ್ತಿದ್ದದ್ದು ಕಡಿಮೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ರಾತ್ರಿ ಹೋಗಿ. ಸೋಂಕು ಕಾಯುವುದಿಲ್ಲ.

ಚಾಮುಂಡಿ ತಪ್ಪಲು:
ನೀವು ಡಾಕ್ಟರಾ? ಅಲ್ಲ. ಮತ್ತೆ ಯಾಕೆ ಡಾಕ್ಟರ ಮಾತಿಗೆ ಎದುರು ಹೇಳುತ್ತೀರಿ? ಪೊರೆ ವಾಪಸ್ ಬಂದಿದೆ ಅಂತ ಅವರೇ ಹೇಳಿದ್ದು.

ಅಳತೆ ಕೋಣೆ, ಹುಬ್ಬಳ್ಳಿ:
ಸುಲಭವಾಗಿ ತಿಳಿಯಲಿ ಅಂತ ಹಾಗೆ ಹೇಳಿರುತ್ತಾರ್ರೀ. ನಾವೂ ದಿನಾ ಹೇಳುತ್ತೇವೆ. ತಪ್ಪು ನಮ್ಮದೇ.

ಚಾಮುಂಡಿ ತಪ್ಪಲು:
ಅಂದರೆ ನನ್ನ 1,30,000 ದಂಡ ಅಂತ ನಿಮ್ಮ ಮಾತು.

ಕೆಂಗೇರಿ ಪಿಂಚಣಿದಾರ:
1,34,500. ಯಾಗ್ ಸೇರಿಸಿ.

ರೆಡಿಂಗ್ ಕನ್ನಡಿಗ:
ಇಂಗ್ಲೆಂಡಿನಿಂದ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸಾದಾ ಮೊನೊಫೋಕಲ್ ಉಚಿತ. ಸರದಿ ಬರುವ ತನಕ ಕಾಯಬೇಕು, ನಾನು ಏಳು ತಿಂಗಳು ಕಾದೆ. ಮೊದಲ ಲೆನ್ಸ್ ಹಾಕಿದ್ದೂ ಇದೇ ದೇಶದಲ್ಲಿ. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲೆ ಹಾಕಿದರು. ಯುದ್ಧವಿಮಾನದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣೊಳಗೆ ಸಿಕ್ಕಿಕೊಂಡರೂ ಕಣ್ಣು ಕೆಡದೆ ಇದ್ದದ್ದು ನೋಡಿ ಹೊಳೆದ ಉಪಾಯ. ಪೊರೆ ತೆಗೆದ ಕಣ್ಣಿಗೆ ಬಿಳಿ ಗೋಡೆ ಸ್ವಲ್ಪ ನೀಲಿಯಾಗಿ ಕಂಡರೆ ಹೆದರಬೇಡಿ. ಇನ್ನೊಂದು ಕಣ್ಣು ಮುಚ್ಚಿ ತೆರೆದು ನೋಡಿ, ಇಷ್ಟು ವರ್ಷ ಎಷ್ಟು ಹಳದಿ ನೋಡುತ್ತಿದ್ದೆವು ಅಂತ ಗೊತ್ತಾಗುತ್ತದೆ.

ಬೆಣ್ಣೆದೋಸೆ ದಾವಣಗೆರೆ:
ಏಳು ತಿಂಗಳಾ? ನಮ್ಮಲ್ಲಿ ಮಂಗಳವಾರ ತೋರಿಸಿ ಗುರುವಾರ ಆಪರೇಷನ್. ಬನ್ನಿ ಸಾರ್, ಊಟ ನಮ್ಮನೇಲಿ. ಬದನೆ ಎಣ್ಣೆಗಾಯಿ.

ಕುಡ್ಲದಕ್ಕ:
ಅಡ್ಡ ಮಾತು ಸಾಕು.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಪೂರ್ತಿ ಅಮ್ಮನಿಗೆ ಓದಿ ಹೇಳಿದೆ. ದಾವಣಗೆರೆಯವರ ಅಜ್ಜಿಯ ಲೋಟದ ಕಥೆ ಎರಡು ಸಲ ಓದಿಸಿದರು. ಮಲ್ಟಿಫೋಕಲ್ ಬೇಡ ಅಂದುಬಿಟ್ಟರು, ‘ನಾನೇನು ಪಂಚಾಂಗ ಓದಬೇಕಾ?’ ಅಂತ. ರೆಟಿನಾಕ್ಕೆ ಬಿ-ಸ್ಕ್ಯಾನ್ ಮಾಡಿಸುತ್ತೇವೆ. ಉಳಿದೆರಡರಲ್ಲಿ ಯಾವುದು ಅಂತ ಆಮೇಲೆ ಡಾಕ್ಟರ ಹತ್ತಿರ ಮಾತಾಡುತ್ತೇನೆ. ಆದರೆ ಒಲೆ ಮುಂದೆ ಎಷ್ಟು ದಿನ ಕೂರಬಾರದು, ಜೊತೆಗೆ ಎಷ್ಟು ದಿನ ಇರಬೇಕು, ಅದನ್ನು ಯಾರೂ ಹೇಳಲಿಲ್ಲ.

ಕುಡ್ಲದಕ್ಕ:
ತಮ್ಮಾ, ಹೊಗೆಯ ಹತ್ತಿರ ಒಂದು ತಿಂಗಳು ಬಿಡಬೇಡ. ನಿನ್ನ ಒಂದು ವಾರ ಏನೂ ಸಾಲದು. ಮೊದಲ ವಾರ ಆರು ಸಲ ಡ್ರಾಪ್ಸ್. ಒಬ್ಬರೇ ಹಾಕಿಕೊಂಡರೆ ಅರ್ಧ ಕೆನ್ನೆಗೆ ಬೀಳುತ್ತದೆ, ಬಾಟಲಿ ತುದಿ ಕಣ್ಣಿಗೆ ತಾಗುತ್ತದೆ. ಎರಡನೇ ವಾರಕ್ಕೆ ಪಕ್ಕದ ಮನೆಯವರನ್ನಾದರೂ ಒಪ್ಪಿಸು. ಅವರಿಗೂ ಬಾಟಲಿ ಅಲ್ಲಾಡಿಸಲು ಹೇಳು. ತಲೆಗೆ ನೀರು ಎರಡು ವಾರ ಬೇಡ. ರಾತ್ರಿ ಮಲಗುವಾಗ ಪ್ಲಾಸ್ಟಿಕ್ ಮುಚ್ಚಳ ಕಟ್ಟು, ನಿದ್ದೆಯಲ್ಲಿ ಉಜ್ಜಿಕೊಳ್ಳುತ್ತಾರೆ.

ಬೆಣ್ಣೆದೋಸೆ ದಾವಣಗೆರೆ:
ಬದನೆ ತಿನ್ನಬಹುದು ಅಮ್ಮ.

ಕೆಂಗೇರಿ ಪಿಂಚಣಿದಾರ:
ಇನ್ಶೂರೆನ್ಸ್ ಇದೆಯೋ ಇಲ್ಲವೋ ಅಂತ ನೀವು ಹೇಳಲೇ ಇಲ್ಲ. ಇದ್ದರೆ ಪಾಲಿಸಿಯ ಆ ಪುಟದ ಫೋಟೋ ಹಾಕಿ. ನಾನು ನೋಡುತ್ತೇನೆ, ಕನ್ನಡಕ ಬೇಡ.