ಹಳೇ ಎಂಜಿಬಿ ಕಾರು, ಮನೆಯಲ್ಲೇ ರಿಪೇರಿ: ಅನುಭವ ಇದ್ದವರು ಸ್ವಲ್ಪ ಹೇಳಿ

ಕೇಳಿದವರು, ಇಂಗ್ಲೆಂಡಿನ ಕೊವೆಂಟ್ರಿಯಿಂದ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಬ್ರಿಟನ್ನಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು, 1970ರ ಎಂಜಿಬಿ ರೋಡ್‌ಸ್ಟರ್ ಕೊಂಡೆ. ಕಡು ಹಸಿರು ಬಣ್ಣ, ಕಡ್ಡಿ ಚಕ್ರ, ಟಾಪ್ ಬಿಚ್ಚಿದರೆ ತಲೆ ಮೇಲೆ ಆಕಾಶ. ನನ್ನದು ಸಾಫ್ಟ್‌ವೇರ್ ಕೆಲಸ. ಸ್ಪ್ಯಾನರ್ ಹಿಡಿದದ್ದು ಕಾಲೇಜಿನಲ್ಲಿ ಲೂನಾ ಬಿಚ್ಚಿದಾಗ, ಅಷ್ಟೇ.

ಸಮಸ್ಯೆ ಇದು. ಇಪ್ಪತ್ತು ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಜರ್ಕ್ ಹೊಡೆದು ನಿಂತುಬಿಡುತ್ತದೆ. ಹತ್ತು ನಿಮಿಷ ಸುಮ್ನೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ಕೂಡ ಒಂದೇ ಸಮ ಇಲ್ಲ. ಕೊಂಡ ವಾರವೇ ಒಂದು ಭಾನುವಾರ ಕೂತು ಹೊಸ ಪ್ಲಗ್, ಏರ್ ಫಿಲ್ಟರ್, ಎಂಜಿನ್ ಆಯಿಲ್, ಹೊಳೆಯುವ ಹೊಸ ಪೆಟ್ರೋಲ್ ಮುಚ್ಚಳ ಎಲ್ಲ ಹಾಕಿದೆ. ಯಾವುದೋ ವಿಡಿಯೊ ನೋಡಿ ಎರಡೂ ಕಾರ್ಬೊರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ನಟ್ಟುಗಳನ್ನೂ ಸ್ವಲ್ಪ ತಿರುಗಿಸಿದೆ. ಇಲ್ಲಿನ ಗ್ಯಾರೇಜಿನವರು ಎರಡೂ ಕಾರ್ಬೊರೇಟರ್ ಬಿಚ್ಚಿ ಹೊಸದಾಗಿ ಕಟ್ಟಬೇಕು ಅನ್ನುತ್ತಾರೆ. ಎಷ್ಟು ಕೆಲಸ ನಾನೇ ಮಾಡಿಕೊಳ್ಳಬಹುದು? ಎಲ್ಲಿ ಕೈ ಬಿಡಬೇಕು?

ಮಿಲ್ಟನ್ ಕೀನ್ಸ್‌ನಿಂದ:

ಸಾರ್, ಮೊದಲು ಕಾರ್ಬೊರೇಟರ್ ಬಿಚ್ಚಲು ಒಪ್ಪಬೇಡಿ. ಹನ್ನೊಂದು ವರ್ಷದಿಂದ 1967ರ ಎಂಜಿಬಿ ಇಟ್ಟುಕೊಂಡಿದ್ದೇನೆ. ಕಾರ್ಬೊರೇಟರ್ ಕೆಟ್ಟಿದೆ ಅಂತ ನಾನು ಹಾರಾಡಿದ ಸಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ಇದ್ದದ್ದು ಕರೆಂಟಿನ ಕಡೆ.

ನೀವು ಮಾಡಿದ ಇನ್ನೊಂದು ಕೆಲಸ ನನಗೆ ಚೆನ್ನಾಗಿ ಗೊತ್ತು, ನಾನೂ ಮಾಡಿದ್ದೇನೆ. ಒಂದೇ ದಿನ ಐದು ಬದಲಾವಣೆ. ಮೊದಲ ವರ್ಷ ನಾನು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕ್ಯಾಪ್, ಅದರೊಳಗೆ ತಿರುಗುವ ರೋಟರ್, ವೈರು, ಕರೆಂಟ್ ಕಡಿದು ಕೂಡಿಸುವ ಪಾಯಿಂಟು ಎಲ್ಲ ಒಂದೇ ಮಧ್ಯಾಹ್ನ ಬದಲಾಯಿಸಿದೆ. ಗಾಡಿ ಕೆಮ್ಮಿತು, ಸ್ಟಾರ್ಟ್ ಆಗಲಿಲ್ಲ. ಮೂರು ವಾರ ಹುಡುಕಿದೆ. ಕೊನೆಗೆ ನೋಡಿದರೆ ಎರಡು ಪ್ಲಗ್ ವೈರು ಅದಲು ಬದಲು. ಈ ಎಂಜಿನ್ನಿನ ನಾಲ್ಕು ಸಿಲಿಂಡರ್ ಉರಿಯುವ ಸರದಿ 1, 3, 4, 2. ರೋಟರ್ ತಿರುಗುವುದು ಗಡಿಯಾರಕ್ಕೆ ಎದುರಾಗಿ. ನಾನು ಗಡಿಯಾರದ ದಿಕ್ಕಿನಲ್ಲಿ ಎಣಿಸಿಕೊಂಡು ಕೂತಿದ್ದೆ. ಆವತ್ತಿನಿಂದ ಒಂದು ಭಾನುವಾರಕ್ಕೆ ಒಂದೇ ಕೆಲಸ. ಗ್ಯಾರೇಜಿನ ಗೋಡೆಗೆ ಒಂದು ಹಳೇ ಕ್ಯಾಲೆಂಡರ್ ತೂಗುಹಾಕಿ ಏನು ಮುಟ್ಟಿದೆ ಅಂತ ಅದರ ಮೇಲೇ ಬರೆಯುತ್ತೇನೆ.

ಈಗ ನಿಮ್ಮ ಗಾಡಿ. ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಹೊರಡುತ್ತದೆ ಅಂದರೆ ನನಗೆ ಮೊದಲು ಬರುವ ಅನುಮಾನ ಕಂಡೆನ್ಸರ್ ಮೇಲೆ. ಡಿಸ್ಟ್ರಿಬ್ಯೂಟರ್ ಒಳಗೆ ಬೆರಳ ತುದಿಯಷ್ಟು ದಪ್ಪದ ಡಬ್ಬಿ, ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುತ್ತದೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಹೊಸ ಮಾಲು ಎಷ್ಟೋ ಸಲ ಹಳೆಯದಕ್ಕಿಂತ ಕಡೆ. ಪರೀಕ್ಷೆ ಸುಲಭ. ಡಿಕ್ಕಿಯಲ್ಲಿ ಒಂದು ಹಳೇ ಪ್ಲಗ್ ಇಟ್ಟುಕೊಳ್ಳಿ. ಗಾಡಿ ನಿಂತ ತಕ್ಷಣ ಒಂದು ವೈರನ್ನು ಅದಕ್ಕೆ ಸಿಕ್ಕಿಸಿ, ಎಂಜಿನ್ ಬ್ಲಾಕಿಗೆ ತಾಗಿಸಿಟ್ಟು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ವೈರನ್ನು ಕೈಯಲ್ಲಿ ಹಿಡಿಯಬೇಡಿ, ಪೆಟ್ರೋಲ್ ಸೋರಿದ ಕಡೆ ಮಾಡಬೇಡಿ. ನೀಲಿ ಕಿಡಿ ಚಟಚಟ ಅಂದರೆ ಕರೆಂಟ್ ಸರಿ ಇದೆ. ಹಳದಿಯಾಗಿ ಬಡಕಲಾಗಿದ್ದರೆ, ಇಲ್ಲವೇ ಬರದೇ ಇದ್ದರೆ ಕಂಡೆನ್ಸರ್, ಪಾಯಿಂಟು ನೋಡಿ. ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ಪ್ಲಗ್ಗಿನದು ಸುಮಾರು 0.64.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಹೋಗಿ. ಈ ಗಾಡಿಯ ಪಂಪು ಎಂಜಿನ್ ಹತ್ತಿರ ಇಲ್ಲ, ಹಿಂದೆ ಬಲಗಡೆ ಚಕ್ರದ ಮುಂದೆ ಕೆಳಗಿದೆ. ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಅನ್ನುತ್ತದೆ, ಕಾರ್ಬೊರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತದೆ. ಕೀ ಹಾಕಿದ ಕೂಡಲೇ ಸದ್ದೇ ಇಲ್ಲ ಅಂದರೆ ಒಳಗಿನ ಪಾಯಿಂಟು ಅಂಟಿಕೊಂಡಿರಬಹುದು, ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಒಂದು ತಟ್ಟಿ ನೋಡಿ. ಟಿಕ್ ಟಿಕ್ ನಿಲ್ಲದೇ ಹೊಡೆದುಕೊಳ್ಳುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಸೋರುತ್ತಿದೆ, ಇಲ್ಲವೇ ಟ್ಯಾಂಕೇ ಖಾಲಿ. ನನ್ನ ಮನೆಯವಳು ರೇಡಿಯೊ ಆರಿಸಿ ಇದನ್ನು ಕೇಳುತ್ತಾಳೆ, ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತದೆ.

ಇವೆರಡೂ ಸರಿ ಇದ್ದರೆ ಮಾತ್ರ ಕಾರ್ಬೊರೇಟರ್. ತಿರುಗಿಸಿದ್ದು ಎಷ್ಟು ಅಂತ ನೆನಪಿಲ್ಲ ಅಲ್ವಾ? ಹಾಗಾದರೆ ಮೊದಲಿನಿಂದ ಶುರುಮಾಡಿ. ಕಾರ್ಬೊರೇಟರಿನ ಮೇಲಿನ ಡಬ್ಬಿ ಮತ್ತು ಅದರೊಳಗಿನ ಪಿಸ್ಟನ್ ತೆಗೆದು, ಕೆಳಗಿನ ಆರು ಮೂಲೆಯ ನಟ್ಟನ್ನು ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ಪಿಸ್ಟನ್ ಕೂರುವ ತಳದ ಸಮಕ್ಕೆ ಬರುವವರೆಗೆ ಏರಿಸಿ. ಅಲ್ಲಿಂದ ಎರಡು ಪೂರ್ತಿ ಸುತ್ತು ಕೆಳಗಿಳಿಸಿ. ಎರಡೂ ಕಾರ್ಬೊರೇಟರಿಗೆ ಹೀಗೇ. ಆಮೇಲೆ ಎಂಜಿನ್ ಬಿಸಿ ಮಾಡಿ, ಪಕ್ಕದ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ನಷ್ಟು ಎತ್ತಿ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ. ಸಾಯಲು ಬಂದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಇಳಿದು ನಿಂತರೆ ಸರಿ. ತಿದ್ದುವಾಗ ಆ ನಟ್ಟಿನ ಒಂದು ಮಗ್ಗುಲಿನಷ್ಟೇ ತಿರುಗಿಸಿ.

ಎರಡೂ ಸಮನಾಗಿ ಗಾಳಿ ಎಳೆಯುತ್ತಿವೆಯಾ ಅಂತ ನೋಡಲು ಉಪಕರಣ ಬೇಡ. ಎರಡು ಅಡಿ ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ. ಎರಡರ ಸ್ಸ್ ಸದ್ದೂ ಒಂದೇ ಆಗಬೇಕು. ಪಕ್ಕದ ಮನೆಯವರು ನೋಡಿ ನಗುತ್ತಾರೆ, ನಗಲಿ.

ಮೈಸೂರಿನಿಂದ:

ಮೇಲಿನವರು ಹೇಳಿದ್ದು ಸರಿ. ನನ್ನ ಹತ್ತಿರ ಎಂಜಿ ಇಲ್ಲ, ಆದರೂ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅಂಬಾಸಡರ್ ಇತ್ತು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನೂ ನಿಮ್ಮ 1798 ಸಿಸಿಯೂ ಒಂದೇ ವಂಶ, ಎರಡೂ ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ ಸೀರೀಸ್. ನಿಮ್ಮ ಬಾನೆಟ್ ಎತ್ತಿದ ಫೋಟೊ ಯಾರಾದರೂ ಹಳೇ ಅಂಬಾಸಡರ್ ಮೇಸ್ತ್ರಿಗೆ ತೋರಿಸಿದರೆ "ಎರಡು ಕಾರ್ಬೊರೇಟರ್ ಯಾಕೆ?" ಅಂತ ಮಾತ್ರ ಕೇಳುತ್ತಾರೆ.

ಐಡ್ಲಿಂಗ್ ಏರಿಳಿತಕ್ಕೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ನೋಡಿದ್ದೀರಾ? ಟ್ಯಾಪೆಟ್ ಸರಿ ಇಲ್ಲದೆ ಕಾರ್ಬೊರೇಟರ್ ತಿದ್ದುವುದು ಸೋರುವ ಬಿಂದಿಗೆಗೆ ನೀರು ತುಂಬಿದ ಹಾಗೆ. ತಣ್ಣಗಿರುವಾಗ 0.38 ಮಿಲಿಮೀಟರ್, ಅಂದರೆ ಹದಿನೈದು ತೌ (ಇಂಚಿನ ಸಾವಿರದಲ್ಲಿ ಹದಿನೈದು ಭಾಗ). ನಮ್ಮ ಮೇಸ್ತ್ರಿ "ಫಿಲ್ಲರ್ ಕೊಡಿ" ಅನ್ನುತ್ತಿದ್ದರು, ಅದೇ ಫೀಲರ್ ಗೇಜ್, ಸಂದು ಅಳೆಯುವ ತೆಳು ಬ್ಲೇಡುಗಳ ಕಟ್ಟು. ಬ್ಲೇಡು ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಬರಬೇಕು. ಸಲೀಸಾಗಿ ಜಾರಲೂಬಾರದು, ಕಚ್ಚಿಕೊಳ್ಳಲೂಬಾರದು.

ಯಾವ ವಾಲ್ವ್ ಯಾವಾಗ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಂಟು ವಾಲ್ವ್, ಒಂಬತ್ತರ ಲೆಕ್ಕ. 8ನೆಯದು ಪೂರ್ತಿ ಒತ್ತಿದ್ದಾಗ 1ನೆಯದನ್ನು ತಿದ್ದಿ. 6 ಒತ್ತಿದ್ದಾಗ 3. 4 ಒತ್ತಿದ್ದಾಗ 5. ಕೂಡಿದರೆ ಯಾವಾಗಲೂ ಒಂಬತ್ತು. ಎಂಜಿನ್ ತಿರುಗಿಸಲು ಪ್ಲಗ್ ಎಲ್ಲ ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಗಾಡಿಯನ್ನೇ ಮೆಲ್ಲಗೆ ತಳ್ಳಿ. ನಾನು ಚಿಕ್ಕವನಿದ್ದಾಗ ತಳ್ಳುವ ಕೆಲಸ ನನ್ನದು, "ಸಾಕು ಸಾಕು, ಒಂಚೂರು ಹಿಂದೆ" ಅನ್ನುವ ಕೆಲಸ ಮೇಸ್ತ್ರಿಯದು.

ಒಂದು ಪ್ರಶ್ನೆ. ಗಾಡಿ ಕೊಂಡ ದಿನವೇ ಹೀಗೆ ನಿಲ್ಲುತ್ತಿತ್ತಾ, ಅಥವಾ ನೀವು ಕೈ ಹಾಕಿದ ಭಾನುವಾರದ ಮೇಲೆ ಶುರುವಾಯಿತಾ?

ಎಡಿನ್‌ಬರೋದಿಂದ, ಊರು ಮೂಲ್ಕಿ:

ಎಂಜಿನ್ ಬಿಡಿ ಮಾರಾಯ್ರೆ, ಅದು ಹೇಗೂ ಸರಿಯಾಗುತ್ತದೆ. ಕೆಳಗೆ ಮಲಗಿ ತಗಡು ನೋಡಿದ್ದೀರಾ? ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಇದೆಯಲ್ಲ, ಅದೇ ಬೆನ್ನುಮೂಳೆ. ಹೊರಗಿನ ತಗಡು ಹೊಸದಾಗಿ ಹೊಳೆಯುತ್ತಿರುತ್ತದೆ, ಒಳಗಿನದು ಹಪ್ಪಳ. ನಮ್ಮೂರಲ್ಲಿ ಸಮುದ್ರದ ಉಪ್ಪುಗಾಳಿಗೆ ಗಾಡಿ ತುಕ್ಕು ಹಿಡಿಯುತ್ತದೆ ಅಂತ ಬೇಸರ ಮಾಡುತ್ತಿದ್ದೆವು. ಇಲ್ಲಿ ಚಳಿಗಾಲದಲ್ಲಿ ಸರ್ಕಾರವೇ ರಸ್ತೆಗೆ ಉಪ್ಪು ಸುರಿಯುತ್ತದೆ!

ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಆಡಿಸಿ. ಹಿಡಿಯದ ಕಡೆ ಇರುವುದು ಕಬ್ಬಿಣ ಅಲ್ಲ, ಪುಟ್ಟಿ. ಬಾಗಿಲು ಮುಚ್ಚಿ ಹಿಂದಿನ ಸಂದು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಗಾಡಿ ನಡು ಬಗ್ಗಿದೆ. ಈ ಕೆಲಸ ಮಾತ್ರ ಮನೆಯಲ್ಲಿ ಬೇಡ. ನನ್ನ ಗೆಳೆಯರೊಬ್ಬರು ರೋಡ್‌ಸ್ಟರಿನ ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಬಿಗಿಯಲಿಲ್ಲ. ವೆಲ್ಡಿಂಗ್ ಮುಗಿದ ಮೇಲೆ ಬಾಗಿಲು ಮುಚ್ಚಲೇ ಇಲ್ಲ. ಟಾಪ್ ಇಲ್ಲದ ಗಾಡಿ, ಕತ್ತರಿಸಿದರೆ ಹಾಗೇ ಕುಸಿಯುತ್ತದೆ.

ಇನ್ನೊಂದು, ಕೋಪ ಮಾಡಬೇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ. ಅದನ್ನೂ ತುಕ್ಕು ಹಿಡಿದ ತಗಡಿನ ಕೆಳಗೆ ಇಡಬೇಡಿ, ಒಳಕ್ಕೆ ತೂರಿಕೊಳ್ಳುತ್ತದೆ. ಹಳೇ ಬ್ರೇಕ್ ಲೈನರಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕಡ್ಡಿ ಚಕ್ರ ಅಂದಿರಿ. ನಡುವಿನ ರೆಕ್ಕೆ ನಟ್ಟಿನ ಮರೆ (ಥ್ರೆಡ್) ಎರಡು ಕಡೆಯೂ ಒಂದೇ ಅಲ್ಲ, ಬಲಗಡೆ ಚಕ್ರದ್ದು ಎಡಮರೆ. ಚಕ್ರ ಮುಂದೆ ಉರುಳುವ ದಿಕ್ಕಿಗೆ ಹೊಡೆದರೆ ಬಿಚ್ಚುತ್ತದೆ ಅಂತ ನೆನಪಿಡಿ. ನಾನು ಮೊದಲ ದಿನ ಬಲಗಡೆ ಚಕ್ರಕ್ಕೆ ಅರ್ಧ ಗಂಟೆ ತಾಮ್ರದ ಸುತ್ತಿಗೆಯಲ್ಲಿ ಹೊಡೆದು ಹೊಡೆದು ಬಿಗಿ ಮಾಡಿದ್ದೆ! ಚಕ್ರ ತೆಗೆದಾಗಲೆಲ್ಲ ಒಳಗಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ.

ಮಿಲ್ಟನ್ ಕೀನ್ಸ್‌ನಿಂದ, ಮತ್ತೆ:

ಮೂಲ್ಕಿಯವರ ಮಾತಿಗೆ ಒಂದು ಸೇರಿಸುತ್ತೇನೆ. ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡಿಸದ ಕಾರಿಗೆ 2018ರಿಂದ ಇಲ್ಲಿ ಎಂಒಟಿ (ವರ್ಷಕ್ಕೊಮ್ಮೆಯ ಸುರಕ್ಷತೆ) ಪರೀಕ್ಷೆ ಕಡ್ಡಾಯವಲ್ಲ. ನಾನು ಆದರೂ ವರ್ಷಕ್ಕೊಮ್ಮೆ ಒಯ್ಯುತ್ತೇನೆ. ಬ್ರೇಕು, ಸ್ಟೀರಿಂಗು ಇನ್ನೊಬ್ಬರ ಕಣ್ಣಿಗೂ ಬೀಳಲಿ.

ಪೆಟ್ರೋಲ್ ಪೈಪೂ ನೋಡಿ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಮಾಮೂಲಿ ಪೆಟ್ರೋಲ್ ಇ10, ಅಂದರೆ ನೂರಕ್ಕೆ ಹತ್ತರವರೆಗೆ ಎಥನಾಲ್. ಹಳೇ ರಬ್ಬರನ್ನು ಅದು ತಿನ್ನುತ್ತದೆ. ಸೂಪರ್ ಪೆಟ್ರೋಲ್, ಇ5 (ಎಥನಾಲ್ ನೂರಕ್ಕೆ ಐದರವರೆಗೆ ಮಾತ್ರ) ಹಾಕಿ. ಪೈಪು ಆರ್9 (ಎಥನಾಲ್ ತಡೆಯುವ ದರ್ಜೆ) ಅಂತ ಅಚ್ಚಾಗಿರುವುದನ್ನು ಕೊಳ್ಳಿ. ಹಾಗೇ ಇಂಚಿನ ಸ್ಪ್ಯಾನರ್ ಸೆಟ್ ಒಂದು ಕೊಳ್ಳಿ. ಅರ್ಧ ಇಂಚಿನ ನಟ್ಟಿಗೆ 13 ಮಿಲಿಮೀಟರಿನದು ಹಿಡಿದ ಹಾಗೆ ಕಾಣುತ್ತದೆ. ಬಿಗಿ ಇದ್ದ ನಟ್ಟಿಗೆ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ.

ಕೇಂಬ್ರಿಡ್ಜ್‌ನಿಂದ:

ಪಾಯಿಂಟು, ಕಂಡೆನ್ಸರ್ ಎಲ್ಲ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ ಗುರು. ಆರು ವರ್ಷ ಆಯಿತು, ಕ್ಯಾಪ್ ಬಿಚ್ಚಿಲ್ಲ.

ಮೈಸೂರಿನಿಂದ:

ಹಾಕಿ, ಬೇಡ ಅನ್ನುವುದಿಲ್ಲ. ಬಿಚ್ಚಿದ ಪಾಯಿಂಟು ಸೆಟ್ ಮಾತ್ರ ಡಿಕ್ಕಿಯಲ್ಲೇ ಇರಲಿ. ಎಲೆಕ್ಟ್ರಾನಿಕ್ ಕೆಟ್ಟರೆ ಪೂರ್ತಿ ಕೆಡುತ್ತದೆ. ಪಾಯಿಂಟು ಕೆಟ್ಟರೆ ಉಪ್ಪುಕಾಗದದಲ್ಲಿ ಉಜ್ಜಿಕೊಂಡಾದರೂ ಮನೆಗೆ ಬರಬಹುದು. ಕೊವೆಂಟ್ರಿಯವರು ನನ್ನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ನನಗೆ ಆ ಹೊಳೆಯುವ ಮುಚ್ಚಳದ ಮೇಲೇ ಕಣ್ಣು. ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟೂ ಒಳಗೆ ಗಾಳಿ ಬರಬೇಕು. ಮುಂದಿನ ಸಲ ಗಾಡಿ ನಿಂತಾಗ ಬಾನೆಟ್ ಎತ್ತಬೇಡಿ. ಹಿಂದೆ ಹೋಗಿ ಮುಚ್ಚಳ ಬಿಚ್ಚಿ, ಕಿವಿ ಕೊಡಿ.

ಕೇಳಿದವರು, ಕೊವೆಂಟ್ರಿಯಿಂದ, ಎರಡು ವಾರದ ಮೇಲೆ:

ತಡವಾಯಿತು, ಕ್ಷಮಿಸಿ. ಮಳೆ ಬಿಡಲಿಲ್ಲ.

ಮೈಸೂರಿನ ಸಾರ್, ನೀವು ಕೇಳಿದ್ದಕ್ಕೆ ಉತ್ತರ: ಕೊಂಡ ದಿನ ಎಂಬತ್ತು ಮೈಲಿ ಓಡಿಸಿಕೊಂಡು ಬಂದೆ, ಎಲ್ಲೂ ನಿಂತಿರಲಿಲ್ಲ. ನೀವು ಕೇಳುವವರೆಗೂ ನನಗೆ ಅದು ಹೊಳೆದಿರಲಿಲ್ಲ.

ಮೊನ್ನೆ ಕೆನಿಲ್‌ವರ್ತ್ ದಾಟಿದ ಮೇಲೆ ಎಂದಿನಂತೆ ಜರ್ಕ್ ಹೊಡೆದು ನಿಂತಿತು. ಕೀ ಆನ್ ಇಟ್ಟೆ. ಪಂಪಿನ ಸದ್ದು ಇಲ್ಲ. ಹಿಂದೆ ಹೋಗಿ ಮುಚ್ಚಳ ತಿರುಗಿಸಿದೆ. ಸೋಡಾ ಬಾಟಲಿ ಬಿಚ್ಚಿದ ಹಾಗೆ ಹುಸ್ಸ್ ಅಂತು, ಗಾಳಿ ಒಳಕ್ಕೆ ಹೋದದ್ದು ಅಂಗೈಗೇ ಗೊತ್ತಾಯಿತು. ಮರುಕ್ಷಣ ಕೆಳಗೆ ಟಿಕ್ ಟಿಕ್ ಟಿಕ್ ಟಿಕ್. ಒಂದೇ ಸೆಲ್ಫಿಗೆ ಸ್ಟಾರ್ಟ್.

ಮನೆಗೆ ಬಂದು ಎರಡೂ ಮುಚ್ಚಳ ಪಕ್ಕದಲ್ಲಿಟ್ಟು ನೋಡಿದೆ. ಹಳೆಯದರ ಒಳಗೆ ಸಣ್ಣ ಗಾಳಿ ತೂತು ಇದೆ. ಹೊಸದು ಅಮೆರಿಕದ ಎಂಜಿಬಿಗೆ ಮಾಡಿದ ಮಾದರಿಯಂತೆ, ಪೂರ್ತಿ ಬಂದ್. ಅಲ್ಲಿನ ಗಾಡಿಗಳ ಟ್ಯಾಂಕಿಗೆ ಗಾಳಿ ಬರುವ ದಾರಿ ಬೇರೆ. ನನ್ನ ಗಾಡಿಗೆ ಆ ದಾರಿ ಇಲ್ಲ. ಹಳೆಯದನ್ನೇ ಹಾಕಿದೆ. ಆಮೇಲೆ ಎರಡು ಸಲ ಒಂದೊಂದು ಗಂಟೆ ಓಡಿಸಿದೆ, ನಿಂತಿಲ್ಲ.

ಐಡ್ಲಿಂಗ್ ಇನ್ನೂ ಹಾಗೇ ಇದೆ. ಅಯಸ್ಕಾಂತ ಎಡಗಡೆ ಸಿಲ್‌ನಲ್ಲಿ ಒಂದು ಗೇಣಿನಷ್ಟು ಜಾಗ ಹಿಡಿಯುತ್ತಿಲ್ಲ, ಅದಕ್ಕೆ ವೆಲ್ಡಿಂಗ್‌ನವರ ಹತ್ತಿರ ದಿನ ಕೇಳಿದ್ದೇನೆ. ಈ ಭಾನುವಾರ ಟ್ಯಾಪೆಟ್ ಮಾತ್ರ. ಮಗಳು ಗಾಡಿ ತಳ್ಳಲು ಒಪ್ಪಿದ್ದಾಳೆ, ಒಂಬತ್ತರ ಲೆಕ್ಕವನ್ನೂ ಅವಳೇ ಇಡುತ್ತಾಳಂತೆ. ರಾಕರ್ ಕವರಿನ ಗ್ಯಾಸ್ಕೆಟ್ ಹೊಸದು ಬೇಕಾ, ಅಥವಾ ಹಳೆಯದೇ ನಡೆಯುತ್ತಾ?

ಮೈಸೂರಿನಿಂದ:

ಹೊಸದು ತಂದಿಟ್ಟುಕೊಳ್ಳಿ. ಹಳೆಯದು ಚೆನ್ನಾಗಿದ್ದರೆ ಅದನ್ನೇ ಹಾಕಿ. ಮೇಲಿನ ಎರಡು ನಟ್ಟನ್ನು ಜಾಸ್ತಿ ಬಿಗಿಯಬೇಡಿ, ಕವರ್ ಸೊಟ್ಟಗಾಗಿ ಆಯಿಲ್ ಸೋರುತ್ತದೆ.