ಟಿಬಿ ಅಲ್ಲ, ಅದರ ಜಾತಿಯದೇ ಬೇರೆ ಕ್ರಿಮಿ, ಎನ್‌ಟಿಎಂ ಅಂತ ಬಂದಿದೆ. ಮಂಡ್ಯ, ಮೈಸೂರು ಕಡೆಯವರು ಯಾರಾದರೂ ಇದ್ದೀರಾ?

ದಾರದುಂಡೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ವಯಸ್ಸು ಐವತ್ತು ದಾಟಿದೆ. ಮದುವೆಯಾದ ಹೊಸದರಲ್ಲಿ ಟಿಬಿ ಬಂದಿತ್ತು, ಆರು ತಿಂಗಳು ಮಾತ್ರೆ ನುಂಗಿ ವಾಸಿಯಾಗಿತ್ತು. ಆಮೇಲೆ ಪ್ರತಿ ಚಳಿಗಾಲವೂ ಕೆಮ್ಮು, ಕಫ. ಅದು ಅಭ್ಯಾಸವೇ ಆಗಿಹೋಗಿತ್ತು.

ಹೋದ ವರ್ಷ ಕೆಮ್ಮು ಜಾಸ್ತಿ ಆಯಿತು. ನನ್ನ ಅಳತೆಗೆ ನಾನೇ ಹೊಲಿದ ಬ್ಲೌಸು ನನಗೇ ಜೋಲಾಡತೊಡಗಿತು. ಒಂದು ಕಡೆ ತೋರಿಸಿದೆ. ಕಫವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ "ಎಎಫ್‌ಬಿ ಪಾಸಿಟಿವ್, ಟಿಬಿ ತಿರುಗಿ ಬಂದಿದೆ" ಅಂದು ಮಾತ್ರೆ ಶುರು ಮಾಡಿಬಿಟ್ಟರು. ಟಿಬಿ ಕ್ರಿಮಿಯನ್ನೇ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ನೆಗೆಟಿವ್ ಬಂದಿತ್ತು, ಆ ಚೀಟಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ಮೈಸೂರಿನಲ್ಲಿ ಬೇರೆ ಡಾಕ್ಟರ್ ಕಫದ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರು. ಬೇರೆ ಬೇರೆ ದಿನ ಕೊಟ್ಟ ಎರಡು ಕಫದಲ್ಲೂ ಮ್ಯಾಕ್ ಅನ್ನೋ ಎನ್‌ಟಿಎಂ ಬೆಳೆದಿದೆ. ಸಿಟಿ ಸ್ಕ್ಯಾನಿನಲ್ಲಿ ಬ್ರಾಂಕಿಯೆಕ್ಟಾಸಿಸ್. ಹಳೇ ಟಿಬಿಯಿಂದ ಉಸಿರಿನ ಕೊಳವೆಗಳು ಹಾಳಾಗಿ ಅಗಲವಾಗಿವೆ, ಕಫ ಅಲ್ಲೇ ನಿಲ್ಲುತ್ತದೆ ಅಂದರು.

ಈಗ ಅಜಿತ್ರೋಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್, ವಾರಕ್ಕೆ ಮೂರು ದಿನ. ಎಷ್ಟು ಕಾಲ ಅಂತ ಕೇಳಿದೆ. ಕಲ್ಚರ್ ನೆಗೆಟಿವ್ ಆದ ಮೇಲೂ ಇನ್ನೂ ಹನ್ನೆರಡು ತಿಂಗಳು ಅಂದರು. ಕುರ್ಚಿಯಿಂದ ಏಳೋಕೆ ಕಾಲೇ ಬರಲಿಲ್ಲ.

ಬೀದಿಯಲ್ಲಿ ಎಲ್ಲರ ಬಾಯಲ್ಲೂ "ಅವಳಿಗೆ ಮತ್ತೆ ಟಿಬಿಯಂತೆ". ಬಟ್ಟೆ ಕೊಡುವವರು ಕವರನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಾರೆ. ನಮ್ಮ ಅತ್ತಿಗೆ ನನ್ನ ತಟ್ಟೆ, ಲೋಟ ಬೇರೆ ಮಾಡಿದ್ದಾರೆ. ಇದು ನಿಜವಾಗಲೂ ಅಂಟುತ್ತದಾ? ಬೆಳಿಗ್ಗೆ ಕಫ ತೆಗೆಯೋದರಲ್ಲೇ ಅರ್ಧ ಹೊತ್ತು ಹೋಗುತ್ತದೆ, ಮೆಷಿನ್ ಮುಂದೆ ಕೂರೋದು ಯಾವಾಗ? ಇಷ್ಟು ದಿನದ ಮಾತ್ರೆ ಮುಗಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಫಿಟ್ಟರ್, ಅಶೋಕಪುರಂ

ಅಕ್ಕ, ಮುಗಿಸಿದವನು ನಾನಿದ್ದೇನೆ. ಮೈಸೂರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ, ಈಗ ರಿಟೈರ್ಡ್. ನನ್ನದೂ ನಿಮ್ಮದೇ ಕಥೆ. ಹಳೇ ಟಿಬಿ, ಬ್ರಾಂಕಿಯೆಕ್ಟಾಸಿಸ್, ಅದರ ಮೇಲೆ ಮ್ಯಾಕ್. ಕೋರ್ಸ್ ಹೋದ ವರ್ಷ ಮುಗಿಯಿತು. ಕಫ ಪರೀಕ್ಷೆ ಮಾತ್ರ ಈಗಲೂ ಆಗಾಗ ಕೊಡುತ್ತೇನೆ, ಇದು ತಿರುಗಿ ಬರೋ ಜಾತಿ.

ಮೊದಲು ತಟ್ಟೆ, ಲೋಟದ ವಿಷಯ. ಮ್ಯಾಕ್ ಟಿಬಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದು ಮಣ್ಣಲ್ಲಿ, ನೀರಲ್ಲಿ, ನಲ್ಲಿ ಪೈಪಿನ ಒಳಗಿನ ಲೋಳೆಯಲ್ಲಿ ಇರುತ್ತದೆ. ಎಲ್ಲರ ಮೂಗಿಗೂ ಹೋಗುತ್ತದೆ, ನಮ್ಮಂಥ ಹಳೇ ಗಾಯದ ಎದೆಯಲ್ಲಿ ಮನೆ ಮಾಡುತ್ತದೆ. ಮುಂದಿನ ಸಲ ಅತ್ತಿಗೆಯನ್ನು ಜೊತೆಗೇ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಹೇಳಿಸಿ. ನಾವು ಹೇಳಿದರೆ ಯಾರು ನಂಬುತ್ತಾರೆ? ಕೆಆರ್‌ಎಸ್ ರಸ್ತೆಯ ಟಿಬಿ ಆಸ್ಪತ್ರೆ ಪಿ.ಕೆ. ಸ್ಯಾನಿಟೋರಿಯಂ 1921ರದ್ದು, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಅರಮನೆಯವರನ್ನೂ ಬಿಡಲಿಲ್ಲ ಈ ರೋಗ. ನೂರು ವರ್ಷ ಆದ ಮೇಲೂ ಬಸ್ಸಿನಲ್ಲಿ ಆ ಸ್ಟಾಪಿಗೆ ಟಿಕೆಟ್ ಕೇಳಿದರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಟಿಬಿ ಅಲ್ಲದ ನಮಗೂ ಅದರ ಬಿಸಿ ತಪ್ಪಿಲ್ಲ.

ಇನ್ನು ಕಫ. ನನ್ನ ಮಟ್ಟಿಗೆ ಮಾತ್ರೆ ನುಂಗೋದು ಸುಲಭದ ಕೆಲಸ, ಕಷ್ಟ ಇರೋದು ಇಲ್ಲೇ. ಸುಮ್ನೆ ಕೆಮ್ಮಿ ಕೆಮ್ಮಿ ಪಕ್ಕೆ ನೋಯಿಸಿಕೊಂಡರೆ ಕಫ ಬರುವುದಿಲ್ಲ. ಫಿಸಿಯೋಥೆರಪಿಯವರ ಹತ್ತಿರ ಒಂದು ಸಲ ಕೂತು ಕಲಿಯಿರಿ. ನಾನು ಮಾಡೋದು ಹೀಗೆ: ಎದ್ದ ಮೇಲೆ ಕಾಫಿಗೂ ಮುಂಚೆ ಉಸಿರಿನ ಕೊಳವೆ ಸಡಿಲ ಮಾಡೋ ಸಾಲ್ಬ್ಯುಟಮಾಲ್ ಪಫ್. ಸ್ವಲ್ಪ ಹೊತ್ತು ಬಿಟ್ಟು ಉಪ್ಪುನೀರಿನ ನೆಬುಲೈಸರ್, 3 ಪರ್ಸೆಂಟಿನದು. (ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಇದು. ಕೆಲವರಿಗೆ ಎದೆ ಬಿಗಿಯುತ್ತದೆ, ಅದಕ್ಕೇ ಮೊದಲ ಸಲ ಅವರ ಮುಂದೆಯೇ ಮಾಡಿಸುತ್ತಾರೆ.) ಆಮೇಲೆ ಭುಜ ಸಡಿಲ ಬಿಟ್ಟು ಮೆಲ್ಲಗೆ ಉಸಿರಾಟ. ಮೂರ್ನಾಲ್ಕು ಸಲ ಆಳವಾಗಿ ಎಳೆದು, ಒಂದೆರಡು ಕ್ಷಣ ಹಿಡಿದು, ಬಿಡೋದು. ಮತ್ತೆ ಮೆಲ್ಲಗೆ. ಕೊನೆಗೆ ಹಫ್. ಕನ್ನಡಕ ಒರೆಸುವಾಗ ಗಾಜಿಗೆ ಬಾಯಿ ತೆರೆದು "ಹಾ" ಅಂತೀವಲ್ಲ, ಹಾಗೆ, ಆದರೆ ಹೊಟ್ಟೆಯಿಂದ. ಕಫ ಇನ್ನೂ ಕೆಳಗಿದ್ದರೆ ಉದ್ದನೆಯ ಹಫ್. ಮೇಲೆ ಬಂದು ಗೊರಗೊರ ಅಂದಾಗ ಉಸಿರು ತುಂಬಾ ಎಳೆದು ಒಂದು ಗಿಡ್ಡನೆಯ, ಜೋರಾದ ಹಫ್. ಆಗ ಒಂದೇ ಕೆಮ್ಮಿಗೆ ಬರುತ್ತದೆ. ಮಧ್ಯೆ ಸುಸ್ತಾದರೆ ನಿಲ್ಲಿಸಿ, ತಲೆಸುತ್ತು ಬರೋವರೆಗೆ ಮಾಡಬೇಡಿ.

ಒಬ್ಬರೇ ಮಾಡೋಕೆ ಬೇಜಾರು. ನಾವು ಐದು ಜನ ಇದ್ದೇವೆ, ಓಪಿಡಿ ಬೆಂಚಿನ ಮೇಲೆ ಪರಿಚಯ ಆದವರು. ಸಂಘ, ಬೋರ್ಡು ಏನೂ ಇಲ್ಲ. ಬೆಳಿಗ್ಗೆ ಆರೂವರೆಗೆ ವಿಡಿಯೋ ಕಾಲ್ ಹಾಕಿ ಒಟ್ಟಿಗೆ ಹಫ್ ಮಾಡುತ್ತೇವೆ. ನೋಡಿದವರು ನಗಬೇಕು, ಹಾಗಿರುತ್ತದೆ. ನಂಜನಗೂಡಿನ ಮೇಷ್ಟ್ರೊಬ್ಬರು ಕ್ಯಾಮೆರಾ ಆಫ್ ಮಾಡಿ ಮಲಗೇ ಇರುತ್ತಾರೆ, ಅವರ ಹೆಂಡತಿಯೇ ನಮಗೆ ಚಾಡಿ ಹೇಳುತ್ತಾರೆ! ತಿಂಗಳಿಗೊಂದು ಸಲ ತೂಕ ಹೇಳಿಕೊಳ್ಳುತ್ತೇವೆ. ಇಳಿದವರಿಗೆ ಬೈಗುಳ, ಜೊತೆಗೆ ಮೊಟ್ಟೆ, ಕಡಲೆಕಾಯಿ, ಹುರುಳಿಕಾಳಿನ ಉಪದೇಶ. ಒಂದೇ ಒಂದು ಕಟ್ಟುನಿಟ್ಟಿದೆ: ಮಾತ್ರೆ ಬಿಡು, ಬದಲಾಯಿಸು ಅಂತ ಯಾರೂ ಯಾರಿಗೂ ಹೇಳುವ ಹಾಗಿಲ್ಲ. ನಮ್ಮಲ್ಲೇ ಒಬ್ಬರಿಗೆ ಇರೋದು ಅಬ್ಸೆಸಸ್ ಅನ್ನೋ ಬೇರೆ ಎನ್‌ಟಿಎಂ. ಅವರಿಗೆ ಅಮಿಕಾಸಿನ್ ಇಂಜೆಕ್ಷನ್, ಅದಕ್ಕೆ ಕಿವಿ ಪರೀಕ್ಷೆ, ಕಿಡ್ನಿ ಪರೀಕ್ಷೆ. ಅವರ ಚೀಟಿ ನಮಗೆ ಆಗಲ್ಲ, ನಮ್ಮದು ಅವರಿಗೆ ಆಗಲ್ಲ.

ನೀವು ಟೈಲರ್ ಆಗಿರೋದರಿಂದ ಇದೊಂದು ಹೇಳಲೇಬೇಕು. ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಮಾಡಬಹುದು. ಕೆಂಪು, ಹಸಿರು ಬಣ್ಣಗಳು ಮೊದಲು ಮಂಕಾಗುತ್ತವೆ. ಶುರುವಿಗೇ ಕಣ್ಣಿನ ಡಾಕ್ಟರ್ ಹತ್ತಿರ ಬಣ್ಣದ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ನಿಮ್ಮ ದಾರದ ಡಬ್ಬಿಯೂ ಒಂದು ಪರೀಕ್ಷೆಯೇ. ಸೀರೆ ಅಂಚಿನ ಕೆಂಪಿಗೆ ದಾರ ಹೊಂದಿಸುವಾಗ ಯಾವತ್ತಾದರೂ ಮರೂನು, ಕುಂಕುಮ, ಇಟ್ಟಿಗೆ ಬಣ್ಣ ಎಲ್ಲಾ ಒಂದೇ ಥರ ಕಂಡರೆ, ಸಂಜೆಯ ಬೆಳಕು ಅಂತ ಬಿಡಬೇಡಿ, ಆವತ್ತೇ ಡಾಕ್ಟರಿಗೆ ಫೋನ್ ಮಾಡಿ. ರಿಫಾಂಪಿಸಿನ್‌ಗೆ ಉಚ್ಚೆ ಕಿತ್ತಳೆ ಬಣ್ಣ ಆಗೋದಕ್ಕೆ ಹೆದರಬೇಡಿ. ಬಿಪಿ, ಶುಗರ್ ಮಾತ್ರೆ ಇದ್ದರೆ ಮಾತ್ರ ತಪ್ಪದೆ ಹೇಳಿ, ರಿಫಾಂಪಿಸಿನ್ ಅವುಗಳ ಶಕ್ತಿಯನ್ನು ಕಡಿಮೆ ಮಾಡುತ್ತದೆ.

ಕಫದಲ್ಲಿ ರಕ್ತದ ಗೆರೆ ಕಂಡರೆ ಉಪ್ಪುನೀರು, ಹಫ್ ಎರಡನ್ನೂ ನಿಲ್ಲಿಸಿ ಡಾಕ್ಟರನ್ನು ಕೇಳಿ. ಬಾಯಿ ತುಂಬಾ ರಕ್ತ ಬಂದರೆ ಕೇಳೋದು ಏನೂ ಇಲ್ಲ, 108.

ಕಾವೇರಿ ದಡ, ಶ್ರೀರಂಗಪಟ್ಟಣ

ಫಿಟ್ಟರ್ ಅಣ್ಣನ ಆರೂವರೆ ಗಂಡಸರಿಗೆ ಸರಿ. ಆ ಹೊತ್ತಿಗೆ ನಮ್ಮನೆ ಒಲೆ ಮೇಲೆ ಎರಡು ಪಾತ್ರೆ, ಕೈಯಲ್ಲಿ ಒಂದು ಟಿಫಿನ್ ಡಬ್ಬಿ. ನಾನು ಎಲ್ಲರನ್ನೂ ಕಳಿಸಿ, ತಿಂಡಿ ತಿನ್ನೋಕೆ ಮುಂಚೆ ಬಾಗಿಲು ಹಾಕಿಕೊಂಡು ಮಾಡುತ್ತೇನೆ. ರಾತ್ರಿ ಊಟಕ್ಕೆ ಮೊದಲು ಇನ್ನೊಂದು ಸಲ. ತಿಂದ ಮೇಲೆ ಮಾತ್ರ ಮಾಡಬೇಡಿ ಅಕ್ಕ, ಎಲ್ಲಾ ವಾಂತಿ ಆಗುತ್ತದೆ.

ನನಗೂ ಮ್ಯಾಕ್ ಇದೆ, ಆದರೆ ಮಾತ್ರೆ ಇಲ್ಲ. ತೂಕ ಇಳಿದಿಲ್ಲ, ಸ್ಕ್ಯಾನ್ ಹಾಗೇ ಇದೆ, ಸದ್ಯಕ್ಕೆ ಕಾದು ನೋಡೋಣ ಅಂದಿದ್ದಾರೆ. ಅದಕ್ಕೇ ನಿಮ್ಮ ಮಾತ್ರೆ ನೋಡಿ ನನಗೂ ಬೇಕೇನೋ ಅನ್ನಿಸೋದು, ನನ್ನನ್ನು ನೋಡಿ ನಿಮಗೆ ಬೇಡವೇನೋ ಅನ್ನಿಸೋದು ಎರಡೂ ಬೇಡ.

ನೀರಿನ ವಿಷಯ ನನ್ನದು. ಷವರ್ ಬಿಟ್ಟಿದ್ದೇನೆ, ಅದರ ಸಣ್ಣ ಹನಿ ನೇರ ಎದೆಗೆ ಹೋಗುತ್ತದೆ. ಬಕೆಟ್ಟು, ಚೊಂಬು, ಬಚ್ಚಲಿನ ಕಿಟಕಿ ತೆರೆದಿರುತ್ತದೆ. ಸೋಲಾರ್ ಟ್ಯಾಂಕಿನಲ್ಲಿ ಉಗುರುಬೆಚ್ಚಗೆ ನಿಂತ ನೀರು ಈ ಕ್ರಿಮಿಗೆ ಇಷ್ಟ, ಗೀಸರ್ ಇದ್ದರೆ 55 ಡಿಗ್ರಿಗೆ ಕಮ್ಮಿ ಇಡಬೇಡಿ. ಮಲ್ಲಿಗೆ ಕುಂಡಕ್ಕೆ ಗೊಬ್ಬರ ಹಾಕುವಾಗ ಮಣ್ಣಿಗೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳುತ್ತೇನೆ. ಇಷ್ಟು ಮಾಡಿದರೆ ಪೂರ್ತಿ ತಪ್ಪುತ್ತದೆ ಅಂತಲ್ಲ, ಕಾವೇರಿ ದಡದಲ್ಲಿ ಇದ್ದುಕೊಂಡು ನೀರಿಗೆ ಹೆದರಿದರೆ ಆಗುತ್ತಾ!

ನೆಬುಲೈಸರ್ ಕಪ್ಪನ್ನು ನಲ್ಲಿ ನೀರಲ್ಲಿ ಜಾಲಾಡಿಸಿ ಇಟ್ಟುಬಿಡಬೇಡಿ. ಸೋಪಿನಲ್ಲಿ ತೊಳೆದು, ಐದು ನಿಮಿಷ ಕುದಿಸಿ (ಕುದಿಸಬಹುದು ಅಂತ ಅದರ ಡಬ್ಬದ ಮೇಲೆ ಇದ್ದರೆ), ಒಗೆದ ಬಟ್ಟೆ ಮೇಲೆ ಬೋರಲು ಹಾಕಿ ಒಣಗಿಸಿ. ಮನೆ ಉಪ್ಪು ಕರಗಿಸಿ ಹಾಕೋದಂತೂ ಬೇಡವೇ ಬೇಡ.

ಸ್ಲೈಡ್, ಮೈಸೂರು

ನಾನು ರೋಗಿ ಅಲ್ಲ, ಲ್ಯಾಬ್ ಟೆಕ್ನೀಷಿಯನ್. ಎಎಫ್‌ಬಿ ಬಣ್ಣದಲ್ಲಿ ಟಿಬಿಯೂ ಎನ್‌ಟಿಎಂ ಕೂಡ ಕೆಂಪು ಕಡ್ಡಿಗಳಾಗಿಯೇ ಕಾಣುತ್ತವೆ, ಮೈಕ್ರೋಸ್ಕೋಪಿನಲ್ಲಿ ಬೇರೆ ಮಾಡೋಕೆ ಆಗಲ್ಲ. ಸಿಬಿನ್ಯಾಟ್ ಹುಡುಕೋದು ಟಿಬಿಯನ್ನು ಮಾತ್ರ. ಹಾಗಾಗಿ ಸ್ಲೈಡ್ ಪಾಸಿಟಿವ್, ಸಿಬಿನ್ಯಾಟ್ ನೆಗೆಟಿವ್ ಅಂದರೆ ಎನ್‌ಟಿಎಂ ಇರಬಹುದಾ ಅಂತ ಕಲ್ಚರ್‌ಗೆ ಹೋಗಬೇಕು. ಹಳೇ ಟಿಬಿಯ ಎದೆ ನಮ್ಮಲ್ಲಿ ಜಾಸ್ತಿ. ನಮ್ಮ ದೇಶದ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ಲೆಕ್ಕ 2019ರಲ್ಲಿ ಪ್ರಕಟ ಆಯಿತು, ಅದರಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಜನಕ್ಕೆ ಟಿಬಿಯೇ ಮೂಲ.

ದಾರದುಂಡೆ, ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಣ್ಣಿನ ಪರೀಕ್ಷೆ ಮಾಡಿಸಿಲ್ಲ, ಈ ವಾರವೇ ಹೋಗುತ್ತೇನೆ. ಅಣ್ಣ, ಆರೂವರೆ ನನಗೆ ಆಗುತ್ತದೆ, ನಮ್ಮನೆಯವರೇ ಕಾಫಿ ಮಾಡೋದು. ಸ್ಲೈಡ್ ಅವರೇ, ಒಂದು ಕೇಳಲಾ? ಮುಂದಿನ ತಿಂಗಳು ಮತ್ತೆ ಕಫ ಕೊಡಬೇಕು. ಮಂಡ್ಯದಿಂದ ಬಸ್ಸಲ್ಲಿ ತರುವಷ್ಟರಲ್ಲಿ ಕೆಡುತ್ತದಾ? ಅಲ್ಲೇ ಬಂದು ಕೊಡೋಣ ಅಂದರೆ ಮಧ್ಯಾಹ್ನಕ್ಕೆ ಕಫವೇ ಬರಲ್ಲ.

ಸ್ಲೈಡ್, ಮೈಸೂರು

ಬೆಳಗಿನ ಕಫವೇ ಒಳ್ಳೇದು ಅಕ್ಕ, ಮನೆಯಲ್ಲೇ ತೆಗೆಯಿರಿ. ಡಬ್ಬಿ ಮೊದಲೇ ಲ್ಯಾಬಿನಿಂದ ತಂದಿಟ್ಟುಕೊಳ್ಳಿ, ಉಪ್ಪಿನಕಾಯಿ ಬಾಟಲಿ ತೊಳೆದು ತರುವವರು ಈಗಲೂ ಇದ್ದಾರೆ. ಬಾಯಿ ಮುಕ್ಕಳಿಸೋಕೆ ಕುದಿಸಿ ಆರಿಸಿದ ನೀರು. ನಲ್ಲಿ ನೀರಲ್ಲಿ ಎನ್‌ಟಿಎಂ ಇದ್ದರೆ ಅದೇ ಕಲ್ಚರಿನಲ್ಲಿ ಬೆಳೆದು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಮೌತ್‌ವಾಶ್ ಬೇಡ. ಎಂಜಲಲ್ಲ, ಫಿಟ್ಟರ್ ಸರ್ ಹೇಳಿದ ಹಫ್‌ನಲ್ಲಿ ಆಳದಿಂದ ಬಂದ ಗಟ್ಟಿ ಕಫ ಬೇಕು. ಮುಚ್ಚಳ ಬಿಗಿಯಾಗಿ ತಿರುಗಿಸಿ, ಎರಡು ಕವರಿನಲ್ಲಿ ನೆಟ್ಟಗೆ ಇಟ್ಟು, ಪಕ್ಕಕ್ಕೆ ಐಸ್ ಪ್ಯಾಕ್ ಹಾಕಿ. ಆವತ್ತೇ ಹೊರಡೋಕೆ ಆಗದಿದ್ದರೆ ಫ್ರಿಜ್ಜಿನ ಕೆಳಭಾಗದಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ. ಶನಿವಾರ ತರಬೇಡಿ, ಭಾನುವಾರ ಪೂರ್ತಿ ಸುಮ್ನೆ ಕೂತಿರುತ್ತದೆ. ರಿಪೋರ್ಟಿಗೆ ಆರು ವಾರ ಆಗಬಹುದು, ಮಧ್ಯದಲ್ಲಿ ಫೋನ್ ಮಾಡಿ ಕೇಳಿದರೂ ಬೇಗ ಬೆಳೆಯಲ್ಲ.